ತೆರೆದ ಕಾರಿನ ಟ್ರ್ಯಾಕ್ ಡೇಗೆ ಯಾವ ಉಡುಪು? ತಪ್ಪು ಕಲ್ಪನೆ ಮತ್ತು ಸತ್ಯ

ಸ್ವಂತ ಕಾರನ್ನೋ ಬಾಡಿಗೆಗೆ ಪಡೆದ ರೇಸ್ ಕಾರನ್ನೋ ಪೈಪೋಟಿಯ ಹಂಗಿಲ್ಲದೆ ರೇಸ್ ಟ್ರ್ಯಾಕಿನಲ್ಲಿ ವೇಗವಾಗಿ ಓಡಿಸಲು ಸಿಗುವ ಅವಕಾಶವೇ ಟ್ರ್ಯಾಕ್ ಡೇ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಹವ್ಯಾಸಿಗಳು ಇದಕ್ಕಾಗಿ ಸಾಮಾನ್ಯವಾಗಿ ಗಡಿ ದಾಟಿ ತಮಿಳುನಾಡಿಗೆ ಹೋಗುತ್ತಾರೆ. ಹೊಸೂರು ರಸ್ತೆ ಹಿಡಿದು ಕೃಷ್ಣಗಿರಿ, ವೇಲೂರು ಹಾದರೆ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಸಿಗುತ್ತದೆ. ಅದರ ಒಂದು ಸುತ್ತು ಸುಮಾರು 3.7 ಕಿ.ಮೀ. ಸೇಲಂ ಕಡೆ ತಿರುಗಿದರೆ ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ 2.1 ಕಿ.ಮೀ. ಉದ್ದದ ಕರಿ ಮೋಟರ್ ಸ್ಪೀಡ್‌ವೇ ಇದೆ. ದೇಶಿ ರೇಸ್ ಕಾರುಗಳನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನಲ್ಲೇ ಮೆಕೊ ಕಾರ್ಟೋಪಿಯಾದಂಥ ಗೋ-ಕಾರ್ಟ್ ಟ್ರ್ಯಾಕ್ ಇದೆ.

ತೆರೆದ ಕಾರು ಎಂದರೆ ಇಲ್ಲಿ ಮೂರು ಬಗೆ. ಛಾವಣಿ ಮಡಚಬಲ್ಲ ಕನ್ವರ್ಟಿಬಲ್ ಒಂದು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟರ್ಸ್ ಹೊರತಂದ ಎರಡು ಸೀಟಿನ, ಫೈಬರ್ ಗ್ಲಾಸ್ ಮೈಯ ಸ್ಯಾನ್ ಸ್ಟಾರ್ಮ್ ಅದರ ದೇಶಿ ಮಾದರಿ. ಎಲ್‌ಜಿಬಿ ಫಾರ್ಮುಲಾ 4ರಂಥ ಒಂಟಿ ಸೀಟಿನ ರೇಸ್ ಕಾರು ಇನ್ನೊಂದು. ಮೂರನೆಯದು ಕಾರ್ಟ್. ಮೂರರಲ್ಲೂ ಚಾಲಕನ ಮೈಗೂ ಹೊರಗಿನ ಗಾಳಿ, ಕಲ್ಲು, ಬಿಸಿಲಿಗೂ ನಡುವೆ ಉಡುಪು ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಉಡುಪು ನಿಭಾಯಿಸಬೇಕಾದ ಅಪಾಯಗಳೂ ಬೇರೆ ಬೇರೆ: ಬೆಂಕಿ, ತಲೆ ಮತ್ತು ಕತ್ತಿಗೆ ಬೀಳುವ ಪೆಟ್ಟು, ಕಾರಿನಿಂದ ಹೊರಗೆ ಚಾಚಿಕೊಳ್ಳುವ ಕೈ. ಒಂದಕ್ಕೆಂದು ಮಾಡಿದ ವಸ್ತುವನ್ನು ಇನ್ನೊಂದಕ್ಕೆ ಸಾಕೆಂದು ನಂಬುವುದರಿಂದಲೇ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟಿವೆ.

“ತೆರೆದ ಕಾರಿನಿಂದ ಥಟ್ಟನೆ ಹೊರಗೆ ಹಾರಬಹುದು, ಬೆಂಕಿಯ ಚಿಂತೆ ಇಲ್ಲ”

ಫಾರ್ಮುಲಾ 1 ಕಾರಿನಿಂದ ಹೊರಬರಲು ಚಾಲಕನಿಗೆ ಪರೀಕ್ಷೆಯಲ್ಲಿ ಕೊಡುವ ಅವಧಿ 7 ಸೆಕೆಂಡ್. ಅದು ವರ್ಷಗಟ್ಟಲೆ ಪಳಗಿದವರಿಗೆ, ನೆಟ್ಟಗೆ ನಿಂತ ಕಾರಿನಲ್ಲಿ. ಆರು ಪಟ್ಟಿಯ ಬೆಲ್ಟ್ (ಹಾರ್ನೆಸ್) ಬಿಚ್ಚಿ, ಸ್ಟೀರಿಂಗ್ ಕಳಚಿ, ಇಕ್ಕಟ್ಟಿನಿಂದ ಮೇಲೇಳಬೇಕಾದ ಹವ್ಯಾಸಿಗೆ ಇನ್ನಷ್ಟು ಹೊತ್ತು ಬೇಕು. ಕಾರು ಮಗುಚಿದ್ದರೆ ತಾನಾಗಿ ಹೊರಬರುವುದೇ ಕಷ್ಟ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಫಾರ್ಮುಲಾ 1 ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು ತಡೆಬೇಲಿಗೆ ನುಗ್ಗಿ ಹೊತ್ತಿ ಉರಿದಾಗ ಅವರು ಹೊರಬಂದದ್ದು ಹತ್ತಿರ ಹತ್ತಿರ ಅರ್ಧ ನಿಮಿಷದ ಮೇಲೆ. ಅದೂ ತೆರೆದ ಕಾಕ್‌ಪಿಟ್‌ನ ಕಾರೇ. ಅವರಿಗೆ ಮುಖ್ಯವಾಗಿ ಸುಟ್ಟದ್ದು ಅಂಗೈಗಳ ಹಿಂಭಾಗ.

ಹಾಗೆಂದು ಎಲ್ಲರಿಗೂ ಒಂದೇ ಉಡುಪು ಬೇಕಾಗಿಲ್ಲ. ರಸ್ತೆ ಕಾರನ್ನು ಟ್ರ್ಯಾಕಿಗಿಳಿಸುವವರಿಗೆ ಹಲವು ಆಯೋಜಕರು ಹೆಲ್ಮೆಟ್, ತುಂಬು ತೋಳಿನ ಹತ್ತಿ ಅಂಗಿ, ಪ್ಯಾಂಟ್, ಮುಚ್ಚಿದ ಶೂ ಇಷ್ಟನ್ನೇ ಕೇಳುತ್ತಾರೆ; ಆರಂಭಕ್ಕೆ ಅದು ತಕ್ಕ ಕನಿಷ್ಠ. ಬೆನ್ನ ಹಿಂದೆಯೇ ಇಂಧನ, ಎಂಜಿನ್ ಇರುವ ಒಂಟಿ ಸೀಟಿನ ಕಾರಿಗೆ ಮಾತ್ರ ಬೆಂಕಿ ತಾಳುವ ಸೂಟ್ ಇರಲೇಬೇಕು.

“ಓಟಕ್ಕೆ ತೊಡುವ ಡ್ರೈ-ಫಿಟ್ ಟೀ ಶರ್ಟ್ ಹಗುರ, ಬೆವರು ಹೀರುತ್ತದೆ, ಅದೇ ಒಳ್ಳೆಯದು”

ಐಟಿ ಕಂಪನಿಗಳ ಟೀಮ್ ಔಟಿಂಗ್, ಮ್ಯಾರಥಾನ್‌ಗಳಲ್ಲಿ ಹಂಚುವ ಟೀ ಶರ್ಟಿನ ಕತ್ತಿನ ಹಿಂದಿನ ಪಟ್ಟಿಯನ್ನು ತಿರುಗಿಸಿ ಓದಿದರೆ ಬಹುಪಾಲು “100% ಪಾಲಿಯೆಸ್ಟರ್” ಎಂದಿರುತ್ತದೆ. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಅಂಟಿನಂತೆ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ನೈಲಾನ್ ಕೂಡ ಹಾಗೆಯೇ. ಬೆಂಕಿ ಆರಿದ ಮೇಲೂ ಆ ಕರಗಿದ ಪದರ ಸುಡುತ್ತಲೇ ಇರುತ್ತದೆ, ಕೀಳಹೋದರೆ ಚರ್ಮವೂ ಬರುತ್ತದೆ. ಲೆಗ್ಗಿಂಗ್ಸ್, ನೈಲಾನ್ ಸಾಕ್ಸ್, ಸ್ಪೋರ್ಟ್ಸ್ ಬ್ರಾ, ಎಲಾಸ್ಟಿಕ್ಕಿನ ಒಳ ಉಡುಪು, ಸಿಗ್ನಲ್‌ಗಳಲ್ಲಿ ಮಾರುವ ಬೈಕ್ ಸವಾರರ ಮುಖಗವಸು ಎಲ್ಲಕ್ಕೂ ಇದೇ ಮಾತು. ಚಳಿಗಾಲದ ಮಂಕಿ ಕ್ಯಾಪ್ ರೇಸ್ ಚಾಲಕರ ಬ್ಯಾಲಕ್ಲಾವಾದಂತೆ ಕಂಡರೂ ಅದು ಹೆಚ್ಚಾಗಿ ಅಕ್ರಿಲಿಕ್ ನೂಲಿನದು. ಹೆಲ್ಮೆಟ್ಟಿನ ಒಳಗೆ ಅಂಥದ್ದು ಇರಲೇಬಾರದು.

ಹತ್ತಿ ಹೊತ್ತಿಕೊಳ್ಳುತ್ತದೆ, ಆದರೆ ಕರಗುವುದಿಲ್ಲ. ಬೆಂಕಿ ತಾಳುವ ಉಡುಪಿನ ಕೆಳಗೆ ಬೇರೇನೂ ಸಿಗದಿದ್ದರೆ ಅಪ್ಪಟ ಹತ್ತಿಯ ಬನಿಯನ್ ತೊಡಬಹುದು. ಅದಕ್ಕಿಂತ ಮೇಲಾದದ್ದು ಡುಪಾಂಟ್ ಕಂಪನಿ 1960ರ ದಶಕದಲ್ಲಿ ರೂಢಿಗೆ ತಂದ ನೊಮೆಕ್ಸ್‌ನಂಥ ಅರಾಮಿಡ್ ನೂಲು. ಅದು ಕರಗುವುದಿಲ್ಲ; ತೀವ್ರ ಶಾಖಕ್ಕೆ ಕರಿಕಾಗಿ ದಪ್ಪವಾಗುತ್ತದೆ; ಜ್ವಾಲೆ ಸರಿದೊಡನೆ ತಾನಾಗಿ ಆರುತ್ತದೆ.

“ಫೈರ್‌ಪ್ರೂಫ್ ಸೂಟ್ ತೊಟ್ಟರೆ ಮೈ ಸುಡುವುದಿಲ್ಲ”

ಸೂಟ್ ಕೊಡುವುದು ಸಮಯವನ್ನು, ಅದೂ ಸೆಕೆಂಡುಗಳ ಲೆಕ್ಕದಲ್ಲಿ. ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 3.2ಎ ಮಾನದಂಡದಲ್ಲಿ ಇದು ನೇರವಾಗಿ ಕಾಣುತ್ತದೆ. 3.2ಎ/1 ಗುರುತಿನ ಸೂಟ್ ತೊಟ್ಟವರಿಗೆ ಪರೀಕ್ಷೆಯ ಶಾಖದಲ್ಲಿ ಎರಡನೇ ದರ್ಜೆಯ ಸುಟ್ಟಗಾಯ ಆಗಲು 3 ಸೆಕೆಂಡ್ ಸಾಕು. /3ಕ್ಕೆ 7, /5ಕ್ಕೆ 10, /20ಕ್ಕೆ 40 ಸೆಕೆಂಡ್. ಅಂದರೆ ಓರೆಗೆರೆಯ ನಂತರದ ಅಂಕಿ ಪದರಗಳ ಎಣಿಕೆಯೂ ಅಲ್ಲ, ಸೆಕೆಂಡುಗಳೂ ಅಲ್ಲ. ಅದು ಬರೀ ದರ್ಜೆ. ಫಾರ್ಮುಲಾ 1ರ 7 ಸೆಕೆಂಡಿನ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದೇ ಪದರದ /1 ಸೂಟ್ ಎಷ್ಟು ತೆಳುವಾದ ಭರವಸೆ ಎಂದು ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಮೋಟರ್ ಕ್ರೀಡಾ ಒಕ್ಕೂಟ ಎಫ್‌ಐಎಗೆ ತನ್ನದೇ ಮಾನದಂಡವಿದೆ: ಹಳೆಯದು 8856-2000, ಅದರ ಬದಲಿಗೆ ಬಂದ ಕಟ್ಟುನಿಟ್ಟಿನದು 8856-2018. ಸೂಟ್ ಮಾತ್ರವಲ್ಲ, ಒಳ ಉಡುಪು, ಬ್ಯಾಲಕ್ಲಾವಾ, ಗ್ಲೌಸ್, ಶೂಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ಶಾಖ ತಡೆಯುವುದರಲ್ಲಿ ಬಟ್ಟೆಯಷ್ಟೇ ಪಾಲು ಪದರಗಳ ನಡುವಿನ ಗಾಳಿಯದು. ಆದ್ದರಿಂದ ಫೋಟೋದಲ್ಲಿ ಚೆಂದ ಕಾಣಲೆಂದು ಮೈಗಂಟುವ ಅಳತೆಯ ಸೂಟ್ ಕೊಳ್ಳುವುದು ತಪ್ಪು. ಕುಳಿತು ಕೈ ಮುಂದೆ ಚಾಚಿದಾಗಲೂ ಮಣಿಕಟ್ಟು, ಕಾಲ್ಗಂಟು ಮುಚ್ಚಿರಬೇಕು. ಬೆನ್ನು, ತೊಡೆಯಲ್ಲಿ ತುಸು ಸಡಿಲ ಇರಬೇಕು. ಇದ್ದ ಸೂಟಿನ ಕೆಳಗೆ ಅರಾಮಿಡ್ ಒಳ ಉಡುಪು ಸೇರಿಸಿದರೆ ಸಿಗುವ ಲಾಭ ದೊಡ್ಡದು. ಹೆಸರನ್ನೋ ಕ್ಲಬ್ಬಿನ ಲಾಂಛನವನ್ನೋ ಕಸೂತಿ ಹಾಕಿಸಲು ಸೂಟನ್ನು ಬಡಾವಣೆಯ ಟೈಲರ್ ಕೈಗೆ ಕೊಡುವ ರೂಢಿಯೂ ಉಂಟು. ಮಾಮೂಲಿ ಪಾಲಿಯೆಸ್ಟರ್ ದಾರ ಎಲ್ಲ ಪದರಗಳನ್ನೂ ಚುಚ್ಚಿ ಹೊಲಿದರೆ ಆ ಜಾಗದ ರಕ್ಷಣೆ ಹೋಯಿತು. ಎಫ್‌ಐಎ ನಿಯಮದಂತೆ ಕಸೂತಿ ಹೊರಪದರಕ್ಕೆ ಮಾತ್ರ. ಇಸ್ತ್ರಿಯ ಬಿಸಿಯಿಂದ ಅಂಟಿಸುವ ಲಾಂಛನಗಳಿಗೆ ಅವಕಾಶವೇ ಇಲ್ಲ.

“ಪೀಣ್ಯದಲ್ಲಿ ಸಿಗುವ ಕಾರ್ಖಾನೆಯ ಬಾಯ್ಲರ್ ಸೂಟ್ ಸಾಕು”

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಐಎಸ್‌ಒ 11612 ಗುರುತಿರುವ, ಬೆಂಕಿ ತಾಳುವಂತೆ ಸಂಸ್ಕರಿಸಿದ ಹತ್ತಿಯ ಬಾಯ್ಲರ್ ಸೂಟ್ ಸಾದಾ ಅಂಗಿ-ಪ್ಯಾಂಟಿಗಿಂತ ಖಂಡಿತ ಮೇಲು, ಬೆಲೆಯೂ ಕಡಿಮೆ. ಆದರೆ ಅದು ಸಾಮಾನ್ಯವಾಗಿ ಒಂದೇ ಪದರದ್ದು. ಕಿಡಿ ಸಿಡಿದಾಗ, ಕ್ಷಣಕಾಲ ಜ್ವಾಲೆ ತಗುಲಿದಾಗ ಅಲ್ಲಿಂದ ಸರಿಯಬಲ್ಲ ಕೆಲಸಗಾರನಿಗೆಂದು ಮಾಡಿದ್ದು. ಬೆಲ್ಟಿನಿಂದ ಬಿಗಿದು ಕೂತ ಚಾಲಕ ಸರಿಯಲಾರ. ಬಣ್ಣವೊಂದು ಬಿಟ್ಟರೆ ಬೇರೆ ಗುಣವಿಲ್ಲದ ಮಾಮೂಲಿ ಪಾಲಿ-ಕಾಟನ್ ಯೂನಿಫಾರಂ ಕೂಡ ಅದೇ ಅಂಗಡಿಯಲ್ಲಿ, ಅದೇ ಹೊಲಿಗೆಯಲ್ಲಿ ಸಿಗುತ್ತದೆ. ಗುರುತಿನ ಪಟ್ಟಿ ನೋಡದೆ ಕೊಳ್ಳುವುದು ವ್ಯರ್ಥ.

ವೆಲ್ಡಿಂಗ್ ಗ್ಲೌಸ್, ಸೇಫ್ಟಿ ಶೂಗಳ ವಿಷಯದಲ್ಲಿ ಅರ್ಧ ಸತ್ಯವೂ ಇಲ್ಲ. ದಪ್ಪ ಚರ್ಮದ ಗ್ಲೌಸಿನಲ್ಲಿ ಸ್ಟೀರಿಂಗಿನ ಹಿಡಿತ ಕೈಗೆ ತಿಳಿಯುವುದಿಲ್ಲ. ಉಕ್ಕಿನ ಮೂತಿಯ ಅಗಲ ಶೂ ಒಂಟಿ ಸೀಟಿನ ಕಾರಿನಲ್ಲಿ ಬ್ರೇಕಿನ ಜತೆ ಆಕ್ಸಿಲರೇಟರನ್ನೂ ಒತ್ತಿಬಿಡುತ್ತದೆ. ಆ ಪೆಡಲುಗಳ ನಡುವಿನ ಜಾಗ ಅಷ್ಟು ಕಿರಿದು. ತೆಳು ಅಡಿಯ, ಪಕ್ಕಕ್ಕೆ ಚಾಚದ ಶೂ ಬೇಕು. ರೇಸ್ ಶೂ ಇಲ್ಲದಿದ್ದರೆ ಲೇಸ್ ಬಿಗಿದ ಹಳೆಯ ಕ್ಯಾನ್ವಾಸ್ ಶೂ ಸೇಫ್ಟಿ ಶೂಗಿಂತ ಉತ್ತಮ.

“ಬೈಕ್ ಜಾಕೆಟ್, ಕಾರ್ಟ್ ಸೂಟ್ ಇದ್ದರೆ ಬೇರೆ ಬೇಡ”

ಎರಡೂ ಡಾಂಬರಿನ ಮೇಲೆ ಜಾರಿಬೀಳುವವರಿಗಾಗಿ ಮಾಡಿದವು. ರೇಸ್ ಕಾರ್ಟಿನಲ್ಲಿ ಸಾಮಾನ್ಯವಾಗಿ ಸೀಟ್ ಬೆಲ್ಟ್ ಇರುವುದಿಲ್ಲ, ಚಾಲಕ ಹೊರಗೆ ಎಸೆಯಲ್ಪಡಬಹುದು. ಅದಕ್ಕೇ ಕಾರ್ಟ್ ಸೂಟಿನ ಎಫ್‌ಐಎ ಪರೀಕ್ಷೆ ಉಜ್ಜುವಿಕೆಯದು, ಬೆಂಕಿಯದಲ್ಲ. ಹೊರಬಟ್ಟೆ ಹೆಚ್ಚಾಗಿ ನೈಲಾನ್. ನೋಟಕ್ಕೆ ಕಾರ್ಟ್ ಸೂಟೂ ಕಾರ್ ಸೂಟೂ ಒಂದೇ ತರಹ ಇರುವುದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೋಸಹೋಗುವುದು ಸುಲಭ. ಬೈಕ್ ಜಾಕೆಟ್ಟಿನ ಜಾಲರಿ, ಒಳಪದರ ಪಾಲಿಯೆಸ್ಟರ್. ಹೆಗಲಿನ ಗಟ್ಟಿ ರಕ್ಷಾಕವಚದ ಮೇಲೆ ಹಾರ್ನೆಸ್ ಸರಿಯಾಗಿ ಕೂರುವುದಿಲ್ಲ.

“ಐಎಸ್‌ಐ ಮಾರ್ಕಿನ ಹೆಲ್ಮೆಟ್ ಇದೆಯಲ್ಲ”

ಹಣ ಸ್ವಲ್ಪವೇ ಇದ್ದರೆ ಸೂಟಿಗಿಂತ ಮೊದಲು ಅದು ಹೆಲ್ಮೆಟ್ಟಿಗೆ ಹೋಗಬೇಕು. ಹೆಲ್ಮೆಟ್ಟಿನ ಐಎಸ್‌ಐ ಗುರುತಿನ ಹಿಂದಿರುವ ಐಎಸ್ 4151 ದ್ವಿಚಕ್ರ ಸವಾರರ ಮಾನದಂಡ. ಅದರ ಹೆಲ್ಮೆಟ್ ರಸ್ತೆಗೆ ಒಳ್ಳೆಯದೇ, ಕಾನೂನಿಗೂ ಬೇಕಾದದ್ದು. ಆದರೆ ಬೈಕಿನಿಂದ ಬಿದ್ದ ತಲೆ ನೆಲಕ್ಕೆ ಬಡಿದರೆ, ಕಾರಿನಲ್ಲಿ ಬಿಗಿದು ಕೂತವರ ತಲೆ ಒಂದೇ ರೋಲ್ ಬಾರಿಗೆ (ಕಾರು ಮಗುಚಿದಾಗ ಚಾಲಕನನ್ನು ಕಾಯುವ ಲೋಹದ ಕಮಾನು) ಮತ್ತೆ ಮತ್ತೆ ಬಡಿಯಬಹುದು. 1956ರಲ್ಲಿ ರೇಸಿನಲ್ಲಿ ತಲೆಗೆ ಪೆಟ್ಟಾಗಿ ಸತ್ತ ಪೀಟ್ ಸ್ನೆಲ್ ಅವರ ನೆನಪಿಗೆ ಮರುವರ್ಷ ಹುಟ್ಟಿದ ಸ್ನೆಲ್ ಪ್ರತಿಷ್ಠಾನ ಇದಕ್ಕಾಗಿಯೇ ಎರಡು ಬೇರೆ ಶ್ರೇಣಿ ಇಟ್ಟಿದೆ. ‘ಎಂ’ ಬೈಕಿನದು. ‘ಎಸ್‌ಎ’ ಕಾರಿನದು: ರೋಲ್ ಬಾರ್ ಆಕಾರದ ಕಬ್ಬಿಣಕ್ಕೆ ಬಡಿದು ನೋಡುತ್ತಾರೆ, ಜ್ವಾಲೆ ತಾಗಿಸಿ ನೋಡುತ್ತಾರೆ. ಎಸ್‌ಎ2015ರಿಂದೀಚೆಗಿನವುಗಳಲ್ಲಿ ಕತ್ತಿನ ರಕ್ಷಣೆಯ ಪಟ್ಟಿ ಸಿಕ್ಕಿಸಲು ತಿರುಪಿನ ರಂಧ್ರವೂ ಇರುತ್ತದೆ. ಎಫ್‌ಐಎ 8859 ಗುರುತೂ ನಡೆಯುತ್ತದೆ.

ಕಾರಿಗೆ ಬಾಯಿ ತೆರೆದ ಹೆಲ್ಮೆಟ್ ಸಾಕು ಎಂಬ ಮಾತು ಛಾವಣಿ, ಗಾಜು ಇರುವ ರ‍್ಯಾಲಿ ಕಾರುಗಳಿಂದ ಬಂದದ್ದು. ತೆರೆದ ಕಾರಿನಲ್ಲಿ ಮುಂದಿನ ವಾಹನದ ಟೈರು ಎರಚುವ ಜಲ್ಲಿ ನೇರ ಮುಖಕ್ಕೇ ಬರುತ್ತದೆ. ಗಲ್ಲ ಮುಚ್ಚುವ ಹೆಲ್ಮೆಟ್, ಕೆಳಗಿಳಿಸಿದ ವೈಸರ್ ಬೇಕು. ಕೂಲಿಂಗ್ ಗ್ಲಾಸ್ ಅದಕ್ಕೆ ಬದಲಿಯಲ್ಲ.

“ಹಾರ್ನೆಸ್ ಹಾಕಿಸಿದರೆ ಸುರಕ್ಷತೆ ತಾನಾಗಿ ಹೆಚ್ಚುತ್ತದೆ”

ತೆರೆದ ಕಾರಿನ ಮಟ್ಟಿಗೆ ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ರಸ್ತೆ ಕಾರಿನ ಮೂರು ಬಿಂದುವಿನ ಬೆಲ್ಟಿನಲ್ಲಿ ಮೇಲುಮೈ ಪಕ್ಕಕ್ಕೆ ವಾಲಬಲ್ಲದು. ಹಾರ್ನೆಸ್ ಬೆನ್ನನ್ನು ನೆಟ್ಟಗೆ ನಿಲ್ಲಿಸುತ್ತದೆ. ರೋಲ್ ಬಾರ್ ಇಲ್ಲದ ಕನ್ವರ್ಟಿಬಲ್ ಮಗುಚಿದರೆ ಆ ನೆಟ್ಟಗಿನ ತಲೆಯೇ ಕಾರಿನ ಭಾರ ಹೊರಬೇಕಾಗುತ್ತದೆ. ಹೀಗಾಗಿ ಮೊದಲು ರೋಲ್ ಬಾರ್, ಆಮೇಲೆ ಹಾರ್ನೆಸ್. ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ನೇರ ಕೋಲು ಇಟ್ಟರೆ ಹೆಲ್ಮೆಟ್ ಅದರ ಕೆಳಗಿರಬೇಕು; ಈ ಪರೀಕ್ಷೆಯನ್ನು ಹೆಲ್ಮೆಟ್ ತೊಟ್ಟು, ಬೆಲ್ಟ್ ಬಿಗಿದೇ ಮಾಡಬೇಕು.

ಹಾರ್ನೆಸ್ ಎದೆಯನ್ನು ಹಿಡಿದಿಟ್ಟಾಗ ತಲೆ ಮಾತ್ರ ಮುಂದಕ್ಕೆ ಚಿಮ್ಮಿ ತಲೆಬುಡದ ಮೂಳೆ ಮುರಿಯಬಹುದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾದಲ್ಲಿ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಬಗೆ ಇದೇ. ಇದನ್ನು ತಡೆಯಲು 1980ರ ದಶಕದಲ್ಲಿ ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ ರೂಪಿಸಿದ ಹ್ಯಾನ್ಸ್ ಎಂಬ ಕೊರಳ ಪಟ್ಟಿಯನ್ನು ಫಾರ್ಮುಲಾ 1 ಕಡ್ಡಾಯಗೊಳಿಸಿದ್ದು 2003ರಲ್ಲಿ. ಹೆಗಲ ಪಟ್ಟಿಗಳು ಅದನ್ನು ಒತ್ತಿ ಹಿಡಿದರಷ್ಟೇ ಅದು ಕೆಲಸ ಮಾಡುತ್ತದೆ. ಮಾಮೂಲಿ ಸೀಟ್ ಬೆಲ್ಟಿನೊಂದಿಗೆ ಸಾಂಪ್ರದಾಯಿಕ ಹ್ಯಾನ್ಸ್ ತೊಡುವುದರಲ್ಲಿ ಅರ್ಥವಿಲ್ಲ. ತೆರೆದ ಕಾರಿಗೇ ವಿಶೇಷವಾದ, ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ವಸ್ತು ತೋಳುಪಟ್ಟಿ. ಮುಂಗೈಗೆ ಸುತ್ತಿ ಹಾರ್ನೆಸ್ ಬಕಲಿಗೆ ಸಿಕ್ಕಿಸುವ ಈ ಪಟ್ಟಿ, ಕಾರು ಮಗುಚುವಾಗ ಕೈ ಹೊರಗೆ ಚಾಚಿ ಜಜ್ಜಿಹೋಗದಂತೆ ತಡೆಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸುವಷ್ಟು ಸಡಿಲ, ರೋಲ್ ಬಾರಿನ ಆಚೆ ಕೈ ಹೋಗದಷ್ಟು ಬಿಗಿ ಇದ್ದರೆ ಅದರ ಅಳತೆ ಸರಿ.

“ಧೂಳಿಗೆ ದುಪಟ್ಟಾ ಸುತ್ತಿಕೊಂಡರೆ ಆಯಿತು”

ಔಟರ್ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡಿಸುವವರ ಈ ಅಭ್ಯಾಸ ಟ್ರ್ಯಾಕಿಗೆ ಸಲ್ಲದು. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಸತ್ತದ್ದು ಕತ್ತಿನ ಶಾಲು ತೆರೆದ ಕಾರಿನ ಚಕ್ರಕ್ಕೆ ಸಿಕ್ಕಿ. ಕಾರ್ಟಿನ ಹಿಂದಿನ ಆಕ್ಸಲ್ ಸೀಟಿಗೆ ಅಂಟಿಕೊಂಡಂತೆಯೇ ತಿರುಗುತ್ತದೆ: 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ಕಾರ್ಟ್ ಏರಿದ್ದ ಯುವತಿಯರು ಕೂದಲು ಸಿಕ್ಕಿಕೊಂಡು ಪ್ರಾಣ ಕಳೆದುಕೊಂಡರು. ಜಡೆಯನ್ನು ಬ್ಯಾಲಕ್ಲಾವಾದೊಳಗೆ, ಬ್ಯಾಲಕ್ಲಾವಾದ ಅಂಚನ್ನು ಸೂಟಿನ ಕಾಲರಿನೊಳಗೆ ಸೇರಿಸಬೇಕು. ಹುಡ್ಡಿಯ ದಾರ, ಐಡಿ ಕಾರ್ಡಿನ ಪಟ್ಟಿ, ತಾಳಿ ಸರವೂ ಹೊರಗೆ ತೂಗಬಾರದು.

“ಚೆನ್ನೈ ಸೆಕೆಗೆ ಸೂಟನ್ನು ಒದ್ದೆ ಮಾಡಿಕೊಂಡರೆ ತಂಪು, ಬೆಂಕಿಗೂ ಒಳ್ಳೆಯದು”

ಒದ್ದೆ ಬಟ್ಟೆ ಶಾಖವನ್ನು ಬೇಗ ಒಳಗೆ ಸಾಗಿಸುತ್ತದೆ, ನೀರು ಆವಿಯಾಗಿ ಚರ್ಮವನ್ನು ಬೇಯಿಸುತ್ತದೆ. ಬೆವರಿನಿಂದ ತೊಯ್ದ ಒಳ ಉಡುಪನ್ನು ಓಟಗಳ ನಡುವೆ ಬದಲಿಸುವುದು ಇದೇ ಕಾರಣಕ್ಕೆ ಒಳ್ಳೆಯದು. ಸೆಕೆಗೆ ಮದ್ದು ನೆರಳು, ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಓಆರ್‌ಎಸ್, ಓಟಗಳ ನಡುವಿನ ಬಿಡುವಿನಲ್ಲಿ ಸೂಟನ್ನು ಸೊಂಟದವರೆಗೆ ಇಳಿಸಿಕೊಳ್ಳುವುದು.

“ಒಗೆದರೆ ಬೆಂಕಿ ತಡೆಯುವ ಗುಣ ಹೋಗುತ್ತದೆ”

ಅರಾಮಿಡ್ ಬಟ್ಟೆಯಲ್ಲಿ ಆ ಗುಣ ನೂಲಿನದೇ, ಒಗೆತಕ್ಕೆ ಹೋಗದು. ಒಗೆಯದೆ ಇಡುವುದೇ ಕೇಡು: ಎಣ್ಣೆ, ಪೆಟ್ರೋಲು, ಗ್ರೀಸಿನ ಕಲೆ ಹೊತ್ತಿಕೊಳ್ಳುತ್ತದೆ. ಸಂಸ್ಕರಿಸಿದ ಹತ್ತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು; ಬ್ಲೀಚ್ ಅದನ್ನು ಕೆಡಿಸುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅನೇಕ ಅಪಾರ್ಟ್‌ಮೆಂಟ್‌ಗಳಿಗೆ ಬೋರ್‌ವೆಲ್, ಟ್ಯಾಂಕರ್‌ನ ಗಡಸು ನೀರೇ ಗತಿ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾರ್ ಸೋಪಿನೊಂದಿಗೆ ಸೇರಿ ಬಕೆಟ್ಟಿನ ಅಂಚಿನಲ್ಲಿ ಕಾಣುವ ಬಿಳಿ ಕಿಟ್ಟವಾಗುತ್ತದೆ. ಬಟ್ಟೆಯ ಎಳೆಗಳ ನಡುವೆ ಕೂತ ಅದೇ ಕಿಟ್ಟ ಉರಿಯಬಲ್ಲದು. ಆದ್ದರಿಂದ ಬಾರ್ ಸೋಪು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿ, ಎರಡು ಬಾರಿ ಜಾಲಾಡಬೇಕು. ಬಟ್ಟೆ ಮೃದುವಾಗಿಸುವ ಕಂಡೀಷನರ್ ಕೂಡ ಉರಿಯುವ ಪದರ ಬಿಡುತ್ತದೆ, ಅದೂ ಬೇಡ. ಮಹಡಿಯ ಬಿಸಿಲಿನಲ್ಲಿ ಒಣಗಿಸಿದರೆ ಅತಿನೇರಳೆ ಕಿರಣಗಳಿಂದ ಅರಾಮಿಡ್ ನೂಲು ಬಣ್ಣಗೆಟ್ಟು ಬಲ ಕಳೆದುಕೊಳ್ಳುತ್ತದೆ. ಒಳಗು ಹೊರಗು ಮಾಡಿ ನೆರಳಿನಲ್ಲಿ ಹರವಬೇಕು.

ಒಮ್ಮೆ ಬೆಂಕಿ ತಾಗಿದ ಸೂಟನ್ನು, ಒಮ್ಮೆ ಬಲವಾದ ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಹೊರಗೆ ಗುರುತು ಕಾಣದಿದ್ದರೂ ಮತ್ತೆ ಬಳಸುವುದಿಲ್ಲ. ಹೊಲಿಗೆ ಬಿಚ್ಚಿದ ಸೂಟನ್ನು ಅರಾಮಿಡ್ ದಾರದಿಂದ ಮಾತ್ರ ಹೊಲಿಸಬಹುದು.