ಶಾಲೆಯ ಬಾಗಿಲು ಮತ್ತು ತಂದೆತಾಯಿಗಳ ಒಪ್ಪಿಗೆ

ಜೂನ್ ಬಂದಿತೆಂದರೆ ಶಾಲೆ ತೆರೆಯುವುದು, ಮಳೆ ಬಂದಿತೆಂದರೆ ಹೊಲ ಬಿತ್ತುವುದು. ಇವೆರಡೂ ನಮ್ಮ ಕಡೆ ಯಾರನ್ನೂ ಕೇಳಿ ಆಗುವ ಕೆಲಸಗಳಲ್ಲ. ಆದರೆ 2020ರ ಜೂನ್ ತಿಂಗಳಲ್ಲಿ ಕೊರೋನಾ ಪಿಡುಗಿನ ದೆಸೆಯಿಂದ, ಶಾಲೆಯನ್ನು ತೆರೆಯಬೇಕೇ, ತೆರೆಯುವುದಾದರೆ ಯಾವ ರೀತಿಯಲ್ಲಿ ಎಂಬ ಪ್ರಶ್ನೆ ಶಿರಾಳಕೊಪ್ಪದ ಸುತ್ತಣ ಹಳ್ಳಿಗಳ ತಂದೆತಾಯಿಗಳ ಮುಂದೆ ಬಂದಿತು. ನಮ್ಮವರು ಅದಕ್ಕೆ ಕೊಟ್ಟ ಉತ್ತರವೇನು, ಹಾಗೇಕೆ ಕೊಟ್ಟರು, ಅದರ ಫಲ ಯಾರ ಪಾಲಿಗೆ ಏನಾಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಆಗ ನಾನು ಒಂಬತ್ತು ಮುಗಿಸಿ ಹತ್ತನೆಯ ತರಗತಿಗೆ ಬಂದಿದ್ದೆ. ನನ್ನ ತಂಗಿ ಒಂದನೆಯದನ್ನು ಮುಗಿಸಿ ಎರಡಕ್ಕೆ ಬಂದಿದ್ದಳು. ವಾಚಕರು ಈ ಅಂತರವನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಶಾಲೆಗಳು ಮುಚ್ಚಿದುದು ಆ ವರ್ಷದ ಮಾರ್ಚ್ ಮಧ್ಯದಲ್ಲಿ. ಆಗ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ರೋಗದ ಸುಳಿವೇ ಇರಲಿಲ್ಲ. ಮೇ 10ರಂದು ಮೊದಲ ಪ್ರಕರಣಗಳು ಕಂಡುಬಂದವು. ಜೂನ್ ಮೊದಲ ವಾರದಲ್ಲಿ ಶಿಕ್ಷಣ ಇಲಾಖೆಯ ಸುತ್ತೋಲೆ ಬಂದಿತು: 10, 11 ಮತ್ತು 12ನೆಯ ತಾರೀಖುಗಳಂದು ಪ್ರತಿಯೊಂದು ಶಾಲೆಯೂ ಪೋಷಕರ ಸಭೆ ಕರೆದು ಅಭಿಪ್ರಾಯ ಪಡೆಯತಕ್ಕದ್ದು. ನಾಲ್ಕರಿಂದ ಏಳನೆಯ ತರಗತಿಗಳನ್ನು ಜುಲೈ 1ರಿಂದಲೂ, ಒಂದರಿಂದ ಮೂರು ಹಾಗೂ ಎಂಟರಿಂದ ಹತ್ತನೆಯವನ್ನು ಜುಲೈ 15ರಿಂದಲೂ ಆರಂಭಿಸುವ ತಾತ್ಕಾಲಿಕ ಯೋಚನೆಯಿದ್ದಿತು. ರೀತಿ ಮೂರು: ಅಂತರ ಕಾಯ್ದುಕೊಂಡು ಎಂದಿನಂತೆ ಇಡೀ ದಿನ, ಬೆಳಿಗ್ಗೆ ಮಧ್ಯಾಹ್ನಗಳ ಎರಡು ಪಾಳಿ, ಇಲ್ಲವೇ ದಿನ ಬಿಟ್ಟು ದಿನ. ಇವುಗಳಲ್ಲಿ ನಿಮಗೆ ಯಾವುದು ಒಪ್ಪಿಗೆ ಎಂಬುದು ಪ್ರಶ್ನೆ.

ನಮ್ಮೂರ ಶಾಲೆಯ ಸಭೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಮೆಕ್ಕೆಜೋಳದ ಬಿತ್ತನೆಯ ಕಾಲ. ಬಂದವರು ಕಡಿಮೆ, ಬಂದವರೂ ಬಾಗಿಲ ಬಳಿಯೇ ಅರ್ಧ ಮನಸ್ಸಿನಿಂದ ನಿಂತಿದ್ದರು. ಮೇಷ್ಟ್ರು ಮೂರು ರೀತಿಗಳನ್ನೂ ಓದಿ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನಮ್ಮ ಕೇರಿಯ ಹಿರಿಯರೊಬ್ಬರು, “ಅಲ್ರೀ ಮೇಷ್ಟ್ರೇ, ಕಾಯಿಲೆ ಇಲ್ದಾಗ ಮುಚ್ಚಿದ ಶಾಲೇನ ಕಾಯಿಲೆ ಬಂದ್ಮೇಲೆ ತೆಗೀತೀವಿ ಅಂತೀರಲ್ಲ, ಇದ್ಯಾವ ಲೆಕ್ಕ?” ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಆ ಮಾತಿಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ.

ಸುತ್ತೋಲೆಯು ಕೇಳಿದುದು ಗಂಟೆಗಳ ಮಾತು. ತಂದೆತಾಯಿಗಳ ತಲೆಯಲ್ಲಿದ್ದುದು ಮನೆಯ ಮಾತು. ಪಾಳಿಯನ್ನೇ ತೆಗೆದುಕೊಳ್ಳಿ. ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ತಾಯಿ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮರಳುವುದು ಸಂಜೆಗೆ. ಒಂದು ಮಗುವಿಗೆ ಬೆಳಗಿನ ಪಾಳಿ, ಇನ್ನೊಂದಕ್ಕೆ ಮಧ್ಯಾಹ್ನದ ಪಾಳಿಯಾದರೆ ಎರಡನ್ನೂ ಕರೆದೊಯ್ಯುವವರು ಯಾರು? ದಿನ ಬಿಟ್ಟು ದಿನ ಶಾಲೆಯಾದರೆ ದಿನ ಬಿಟ್ಟು ದಿನ ಕೂಲಿ ಬಿಡಬೇಕೇ? ಪೇಟೆಯ ಪ್ರೌಢಶಾಲೆಗೆ ಹೋಗುವ ನಮ್ಮಂಥವರಿಗೆ ಬಸ್ಸಿನ ಚಿಂತೆ. ಶಾಲೆಯಲ್ಲಿ ಮೂರಡಿ ದೂರ ಕುಳಿತ ಮಕ್ಕಳು ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ನಿಂತು ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲಿ ವೃದ್ಧರಿದ್ದರು. ಎರಡು ಅಂಕಣದ ಮನೆಯಲ್ಲಿ ಮೊಮ್ಮಕ್ಕಳು ಮಲಗುವುದು ಅಜ್ಜಿಯ ಮಗ್ಗುಲಲ್ಲೇ. ಅಜ್ಜಿಗೆ ಉಸಿರು ಕಟ್ಟಿದರೆ ಹೋಗಬೇಕಾದುದು ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಸಭೆಯು ‘ಈಗ ಬೇಡ’ ಎಂದಿತು. ರಾಜ್ಯದ ಬಹುಪಾಲು ತಂದೆತಾಯಿಗಳೂ ಹಾಗೆಯೇ ಹೇಳಿದರು. ಜುಲೈ ತಿಂಗಳಿನಲ್ಲಿ ಶಾಲೆಗಳು ತೆರೆಯಲಿಲ್ಲ.

ಇದು ಅಜ್ಞಾನದ ಅಂಜಿಕೆಯೆಂದು ಬಗೆಯುವುದು ಸರಿಯಲ್ಲ. ರೋಗದೊಡನೆ ಬಾಳುವುದು ನಮ್ಮ ಸೀಮೆಗೆ ಹೊಸದಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದುದೇ 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಆ ಕಾಡಿನ ಹೆಸರೇ ನಿಂತಿದೆ. ಅದು ಉಣುಗಿನ ಕಡಿತದಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದುದರಿಂದ ಹಿರಿಯರ ಬುದ್ಧಿವಾದ, “ಕಾಡಿಗೆ ಹೋಗ್ಬ್ಯಾಡ, ಶಾಲೆಗೆ ಹೋಗು” ಎಂಬುದು. ಕೊರೋನಾ ಬಂದು ಇದನ್ನು ತಲೆಕೆಳಗು ಮಾಡಿತು. ದನ ಹೊಡೆದುಕೊಂಡು ಕಾಡಂಚಿಗೆ ಹೋದ ಹುಡುಗನ ಬಗ್ಗೆ ಯಾರಿಗೂ ಭಯವಿರಲಿಲ್ಲ. ಬೆಂಚಿನ ಮೇಲೆ ಗೆಳೆಯನ ಪಕ್ಕ ಕೂರುವ ಹುಡುಗನ ಬಗ್ಗೆ ಇತ್ತು.

ಬಾಗಿಲು ಮುಚ್ಚಿದ್ದರೂ ಪಾಠ ನಿಲ್ಲಬಾರದೆಂದು ಬೇರೆ ದಾರಿಗಳನ್ನು ಹುಡುಕಿದರು. ಪಟ್ಟಣಗಳಲ್ಲಿ ಆನ್‌ಲೈನ್ ತರಗತಿಗಳ ಜಗಳ ದೊಡ್ಡದಾಯಿತು. ಸರ್ಕಾರ ಚಿಕ್ಕ ತರಗತಿಗಳಿಗೆ ಅದನ್ನು ನಿಷೇಧಿಸಿತು, ಜುಲೈ 8ರಂದು ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ನಮ್ಮ ಮನೆಯಲ್ಲಿದ್ದುದು ಒಂದೇ ಗುಂಡಿಯ ಫೋನು. ಅದೂ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಹೀಗಾಗಿ ಆ ಜಗಳ ನಮ್ಮದಾಗಲಿಲ್ಲ. ನನಗೆ ಚಂದನ ವಾಹಿನಿಯ ಪಾಠಗಳು ದೊರೆತವು, ಮಳೆಗಾಲದಲ್ಲಿ ಕರೆಂಟು ಇದ್ದಾಗ. ಬಿಸಿಯೂಟದ ಬದಲು ಅಕ್ಕಿ ಬೇಳೆ ಮನೆಗೆ ಬಂದವು.

ತಂಗಿಯ ಪಾಲಿಗೆ ಬಂದುದು ವಿದ್ಯಾಗಮ. ಆಗಸ್ಟ್ ತಿಂಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮಕ್ಕಳು ಶಾಲೆಗೆ ಬಾರದಿದ್ದರೆ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಬರುವರು. ಫೋನಿಲ್ಲದವರು, ಸಾದಾ ಫೋನುಳ್ಳವರು, ಸ್ಮಾರ್ಟ್ ಫೋನುಳ್ಳವರು ಎಂದು ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಾಗಿ ವಿಂಗಡಿಸಿದ್ದರು. ತಂಗಿಯ ಕಾಲ್ಪನಿಕ ಕೊಠಡಿ ಗುಡಿಯ ಕಟ್ಟೆ. ಮಳೆ ಬಂದರೆ ಅದೂ ಇಲ್ಲ. ಆದರೂ ಸ್ಲೇಟು ಹಿಡಿದು ಓಡುತ್ತಿದ್ದಳು. ಶಾಲೆಗೆ ಬೇಡವೆಂದಿದ್ದ ತಂದೆತಾಯಿಗಳು ಕಟ್ಟೆಗೆ ಮಾತ್ರ ಕಳಿಸಿದರು. ಬಯಲು, ಕಣ್ಣೆದುರಿಗಿದೆ, ಕರೆದರೆ ಕೇಳುತ್ತದೆ. ನನ್ನ ದೃಷ್ಟಿಯಲ್ಲಿ ಜೂನ್ ಸಭೆಯಲ್ಲಿ ಯಾರೂ ಕೇಳದ ನಾಲ್ಕನೆಯ ರೀತಿ ಇದೇ. ಉಪಾಧ್ಯಾಯರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಹಲವು ಕಡೆಗಳಿಂದ ಬಂದುದರಿಂದ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಅದು ನಿಂತಿತು. ಬಲಿಯಾದ ಉಪಾಧ್ಯಾಯರನ್ನು ನೆನೆದರೆ ನಿಲ್ಲಿಸಿದುದು ತಪ್ಪೆನ್ನಲು ನಾಲಿಗೆ ಏಳುವುದಿಲ್ಲ.

2021ರ ಜನವರಿ 1ರಂದು ಹತ್ತನೆಯ ತರಗತಿಗೆ ಬಾಗಿಲು ತೆರೆಯಿತು. ಈ ಬಾರಿ ಸಭೆಯಲ್ಲ, ಪೋಷಕರ ಲಿಖಿತ ಒಪ್ಪಿಗೆ ಪತ್ರ. ಅದಿಲ್ಲದೆ ಪ್ರವೇಶವಿಲ್ಲ. ಅಪ್ಪನಿಗೆ ಹೆಸರು ಬರೆಯಲು ಬರುತ್ತದೆ, ಪತ್ರ ಬರೆಯಲು ಬಾರದು. ಆದುದರಿಂದ ‘ನನ್ನ ಮಗಳನ್ನು ಶಾಲೆಗೆ ಕಳಿಸಲು ನನ್ನ ಪೂರ್ಣ ಒಪ್ಪಿಗೆಯಿದೆ’ ಎಂದು ನಾನೇ ಬರೆದೆ. “ಏನಂತ ಬರ್ದೀಯವ್ವಾ?” ಎಂದು ಕೇಳಿ, ಓದಿಸಿಕೊಂಡು, “ಏನಾರ ಆದ್ರೆ ನಾನೇ ಜವಾಬ್ದಾರಿ ಅಂತ ಆತಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಅವರು ಹೇಳಿದುದು ಸರಿಯಾಗಿಯೇ ಇತ್ತು. ಜೂನ್‌ನಲ್ಲಿ ಅಭಿಪ್ರಾಯ ಕೇಳಿದ್ದರು. ಜನವರಿಯಲ್ಲಿ ಹೊಣೆ ಹೊರಿಸಿದರು. ನಮ್ಮ ತರಗತಿಯ ಗೆಳತಿಯೊಬ್ಬಳ ಪತ್ರ ಬರಲೇ ಇಲ್ಲ. ಅಷ್ಟು ತಿಂಗಳು ಮನೆಯಲ್ಲಿದ್ದ ಹುಡುಗಿಗೆ ಮದುವೆ ಗೊತ್ತಾಗಿತ್ತು.

ಹತ್ತನೆಯ ತರಗತಿ ಮೊದಲು ಏಕೆ? ಪರೀಕ್ಷೆಯಿದೆಯೆಂದು. ಎರಡನೆಯ ಅಲೆಯ ನಂತರ ಆ ಪರೀಕ್ಷೆ ಜುಲೈ 19 ಮತ್ತು 22ರಂದು, ದಿನಕ್ಕೆ ಮೂರು ವಿಷಯಗಳಂತೆ, ಉತ್ತರಕ್ಕೆ ಗುರುತು ಹಾಕುವಷ್ಟಕ್ಕೆ ನಡೆಯಿತು. ಬಹುತೇಕ ಎಲ್ಲರೂ ತೇರ್ಗಡೆಯಾದೆವು. ಇತ್ತ ಡೆನ್ಮಾರ್ಕ್ ದೇಶವು 2020ರ ಏಪ್ರಿಲ್ 15ರಂದೇ ಐದನೆಯ ತರಗತಿಯವರೆಗಿನ ಎಳೆಯ ಮಕ್ಕಳ ಶಾಲೆಗಳನ್ನು ಎಲ್ಲರಿಗಿಂತ ಮೊದಲು ತೆರೆದಿತ್ತು. ನಮ್ಮ ಮೊದಲ ದಿನದ ಪರೀಕ್ಷೆಯ ಮರುದಿನವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿದ್ದ ಡಾ. ಬಲರಾಮ್ ಭಾರ್ಗವರು, ಶಾಲೆಗಳನ್ನು ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ವಿವೇಕವೆಂದರು. ಅಂದು ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡ 57.2ರಷ್ಟು ಮಂದಿಯ ರಕ್ತದಲ್ಲಿ ಸೋಂಕು ಬಂದುಹೋದ ಗುರುತಿದ್ದಿತು. ಮನೆಯೂ ಅವರನ್ನು ಕಾಪಾಡಿರಲಿಲ್ಲವೆಂದಾಯಿತು. ನಮ್ಮ ರಾಜ್ಯದಲ್ಲಾದರೋ ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನವು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಕೊನೆಗೆ ಅಕ್ಟೋಬರ್ 25ರಂದು ಒಂದರಿಂದ ಐದು. ಪುಸ್ತಕ ಹಿಡಿದು ತಾನೇ ಓದಬಲ್ಲವರು ಮುಂದೆ. ಅಕ್ಷರ ಕಲಿಸಲು ಮನೆಯಲ್ಲಿ ಯಾರೂ ಇಲ್ಲದವರು ಹಿಂದೆ. ತಂದೆತಾಯಿಗಳೂ ಇದನ್ನು ಪ್ರಶ್ನಿಸಲಿಲ್ಲವೆಂಬುದು ನಿಜ. ಚಿಕ್ಕವಳು, ಕಾಯಬಹುದು ಎಂದೇ ನಮ್ಮ ಮನೆಯಲ್ಲೂ ಅಂದುಕೊಂಡೆವು. ನಾನು ಅವಳಿಗೆ ಕಲಿಸಬಹುದಿತ್ತು, ಪರೀಕ್ಷೆಯಿದೆಯೆಂದು ಕಲಿಸಲಿಲ್ಲ.

ಹತ್ತೊಂಬತ್ತು ತಿಂಗಳ ನಂತರ ತಂಗಿ ಶಾಲೆಗೆ ಹೋದಾಗ ಅವಳ ಹೆಸರು ಮೂರನೆಯ ತರಗತಿಯ ಹಾಜರಿಯಲ್ಲಿತ್ತು. ತನ್ನ ಹೆಸರಿನ ಒತ್ತಕ್ಷರ ಅವಳಿಗೆ ಮರೆತಿತ್ತು. ಒಪ್ಪಿಗೆ ಪತ್ರ ಕೊಡಲು ಹೋದ ಅವ್ವ, “ಮೇಷ್ಟ್ರೇ, ಇವಳನ್ನ ಮೂರನೇದಕ್ಕೆ ಕೂರಿಸ್ಬ್ಯಾಡ್ರಿ, ಒಂದನೇದಕ್ಕೇ ಕೂರಿಸ್ರಿ” ಎಂದಳಂತೆ. ಅವರು, “ನಲಿ–ಕಲಿಯಾಗೆ ಮೂರೂ ತರಗತಿ ಒಂದೇ ಕೋಣೆ ಕಣವ್ವಾ. ಎಲ್ಲಿ ಬಿಟ್ಟಿದ್ಲೋ ಆ ಮೆಟ್ಟಿಲಿಂದ್ಲೇ ಹತ್ಲಿ” ಎಂದರು. ಮುಂದೆ 2022ರ ಮೇ 16ರಂದೇ, ಎಂದಿಗಿಂತ ಹದಿನೈದು ದಿನ ಮೊದಲು, ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಶಾಲೆಗಳು ತೆರೆದವು. ಆ ಸಲ ನಮ್ಮೂರಿನಲ್ಲಿ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಅವ್ವ ತಾನೇ ಅವಳನ್ನು ಬಾಗಿಲವರೆಗೆ ಬಿಟ್ಟು ಕೂಲಿಗೆ ಹೋದಳು. ತಂಗಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಓದುವಾಗ ಇನ್ನೂ ಸಾಲಿನ ಕೆಳಗೆ ಬೆರಳಿಡುತ್ತಾಳೆ.