ನಿಂತಲ್ಲೇ ಬರಿದಾಗುವ ಬ್ಯಾಟರಿ: ಕಾರಣ ಕಂಡುಹಿಡಿಯುವ ಕ್ರಮ



ರೋಹಿಣಿ ಮಳೆ ಬಿದ್ದು ಎರಡು ದಿನ ಹೊಳವಾದರೆ ಹೊಲಕ್ಕೆ ಹದ ಬರುತ್ತದೆ. ಆ ಹದ ಯಾರಿಗಾಗಿಯೂ ಕಾಯುವುದಿಲ್ಲ. ಅಂಥ ಒಂದು ಬೆಳಿಗ್ಗೆ ನನ್ನ ವೃತ್ತದ ಹಳ್ಳಿಯೊಂದರಲ್ಲಿ ರೈತರೊಬ್ಬರು ಬೀಜ ಗೊಬ್ಬರಗಳನ್ನೆಲ್ಲಾ ಸಿದ್ಧಪಡಿಸಿಕೊಂಡು ಟ್ರ್ಯಾಕ್ಟರಿನ ಕೀ ತಿರುಗಿಸಿದರು. ‘ಟಿಕ್’ ಎಂದು ಒಂದು ಸದ್ದಾಯಿತು, ಅಷ್ಟೇ. ನೆರೆಯವರ ಟ್ರ್ಯಾಕ್ಟರು ಬಂದು ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮರುದಿನ ಅವರು ಪೇಟೆಗೆ ಹೋಗಿ ಹಳೆಯ ಬ್ಯಾಟರಿಯನ್ನು ತೂಕದ ಬೆಲೆಗೆ ಕೊಟ್ಟು ಹೊಸದನ್ನು ತಂದು ಹಾಕಿದರು. ಬಿತ್ತನೆ ಮುಗಿಯಿತು. ಟ್ರ್ಯಾಕ್ಟರು ನಾಲ್ಕು ದಿನ ಕೊಟ್ಟಿಗೆಯ ಮುಂದೆ ನಿಂತಿತು. ಐದನೆಯ ದಿನ ಕೀ ತಿರುಗಿಸಿದರೆ ಮತ್ತೆ ಅದೇ ‘ಟಿಕ್’.

“ಸಾರ್, ಹೊಸ ಬ್ಯಾಟರಿಯೂ ಸತ್ತು ಹೋಯಿತಲ್ಲ! ಅಂಗಡಿಯವನು ಮೋಸ ಮಾಡಿದನೋ, ನನ್ನ ಗ್ರಹಚಾರವೋ?” ಎಂದು ಕೇಳಿದರು.

“ಎರಡೂ ಇರಲಿಕ್ಕಿಲ್ಲ, ಯಜಮಾನರೇ. ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ನೋಡೋಣ” ಎಂದೆ.

ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ಮೆಕ್ಯಾನಿಕ್ ಅಲ್ಲ. ಆದರೆ ಅನುಭವಿ ಮೆಕ್ಯಾನಿಕರೊಬ್ಬರಿಂದ ಕಲಿತ ಈ ಕ್ರಮ ಬಹಳ ಸರಳವಾದುದು. ಇದನ್ನು ತಿಳಿದವರು ಬ್ಯಾಟರಿ ಕೊಳ್ಳುವ ಮೊದಲು ಕಾರಣ ಕಂಡುಹಿಡಿಯಬಲ್ಲರು. ಟ್ರ್ಯಾಕ್ಟರನ್ನು ದಿನವೂ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ತಳ್ಳಿ ಹೊರಡಿಸುವ ಪಾಡೂ ತಪ್ಪುತ್ತದೆ.

ಕೆರೆ ಬತ್ತಲು ಮೂರು ಕಾರಣ

ಊರ ಕೆರೆ ಬತ್ತಿದರೆ ನಾವು ಏನು ವಿಚಾರಿಸುತ್ತೇವೆ? ಕಾಲುವೆಯಿಂದ ನೀರು ಬಂದು ತುಂಬಲೇ ಇಲ್ಲವೇ? ಕೆರೆಯಲ್ಲಿ ಹೂಳು ತುಂಬಿ ನೀರು ನಿಲ್ಲುತ್ತಿಲ್ಲವೇ? ಅಥವಾ ತೂಬು ಸರಿಯಾಗಿ ಮುಚ್ಚದೆ ರಾತ್ರಿಯೆಲ್ಲಾ ಸೋರುತ್ತಿದೆಯೇ? ಬ್ಯಾಟರಿಗೂ ಇದೇ ಮೂರು ಪ್ರಶ್ನೆಗಳು. ಎಂಜಿನ್ ಓಡುವಾಗ ಆಲ್ಟರ್ನೇಟರು ಅದನ್ನು ತುಂಬುತ್ತಿದೆಯೇ? ತುಂಬಿದ್ದನ್ನು ಬ್ಯಾಟರಿ ಹಿಡಿದುಕೊಳ್ಳುತ್ತಿದೆಯೇ? ಕೀ ತೆಗೆದ ಮೇಲೂ ಯಾವುದೋ ದಾರಿಯಿಂದ ವಿದ್ಯುತ್ತು ಸೋರುತ್ತಿದೆಯೇ? ತೂಬು ಸೋರುವ ಕೆರೆಯ ಹೂಳೆತ್ತಿಸಿದರೆ ಪ್ರಯೋಜನವಿಲ್ಲ. ಹಾಗೆಯೇ ಸೋರಿಕೆಯಿರುವ ಟ್ರ್ಯಾಕ್ಟರಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ.

ಬೇಕಾದ ಸಾಮಾನು

ಒಂದು ಸ್ಪ್ಯಾನರ್, ಎರಡು ವೈರು ಜೋಡಿಸಿದ ೧೨ ವೋಲ್ಟಿನ ೫ ವಾಟ್ ಬಲ್ಬು, ಮತ್ತು ಒಂದು ಮಲ್ಟಿಮೀಟರು. ಮಲ್ಟಿಮೀಟರು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ.

ಕೆಲಸಕ್ಕೆ ಮೊದಲು ಕೆಲವು ಎಚ್ಚರಿಕೆಗಳು. ಬ್ಯಾಟರಿಯಿಂದ ಬೇಗ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಆದುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಬಿಡಿಸುವಾಗ ನೆಗೆಟಿವ್ ವೈರನ್ನು ಮೊದಲು ಬಿಡಿಸಬೇಕು, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಹೀಗೆ ಮಾಡಿದರೆ ಸ್ಪ್ಯಾನರು ಚಾಸಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ೧೫ ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಾ ಇದ್ದು, ಬಳಿಕ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಮೊದಲನೆಯ ಪರೀಕ್ಷೆ: ತುಂಬುತ್ತಿದೆಯೇ?

ರಾತ್ರಿಯೆಲ್ಲಾ ನಿಂತ ಬ್ಯಾಟರಿಯನ್ನು ಬೆಳಿಗ್ಗೆ ಮೀಟರಿನಿಂದ ಅಳೆಯಿರಿ. ೧೨.೬ ವೋಲ್ಟ್ ಅಥವಾ ಹೆಚ್ಚು ಇದ್ದರೆ ತುಂಬಿದೆ ಎಂದರ್ಥ. ೧೨.೨ ಇದ್ದರೆ ಸುಮಾರು ಅರ್ಧ ಉಳಿದಿದೆ. ೧೧.೮ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಬಳಿಕ ಎಂಜಿನ್ ಹೊರಡಿಸಿ, ಆಕ್ಸಿಲರೇಟರನ್ನು ಸ್ವಲ್ಪ ಏರಿಸಿ ಮತ್ತೆ ಅಳೆಯಿರಿ. ಈಗ ಸುಮಾರು ೧೩.೮ರಿಂದ ೧೪.೫ ವೋಲ್ಟ್ ತೋರಿಸಬೇಕು. ಎಂಜಿನ್ ಓಡುತ್ತಿದ್ದರೂ ೧೩ಕ್ಕಿಂತ ಕೆಳಗೇ ನಿಂತರೆ ಆಲ್ಟರ್ನೇಟರು ತುಂಬುತ್ತಿಲ್ಲ. ಬೆಲ್ಟ್ ಸಡಿಲವಾಗಿದೆಯೇ, ವೈರಿನ ತುದಿ ಕಳಚಿದೆಯೇ ಎಂಬುದನ್ನು ಮೊದಲು ನೋಡಿರಿ.

ಆಲ್ಟರ್ನೇಟರು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಕಿತ್ತು ನೋಡುವ ಅಭ್ಯಾಸ ಕೆಲವರಲ್ಲಿದೆ. ಇದು ಬಹಳ ಕೆಟ್ಟದ್ದು. ಆಗ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನೊಳಗಿನ ಡಯೋಡುಗಳು ಸುಟ್ಟುಹೋಗಬಹುದು. ಇಲ್ಲದ ರೋಗವನ್ನು ನಾವೇ ತಂದುಕೊಂಡಂತಾಗುತ್ತದೆ.

ಎರಡನೆಯ ಪರೀಕ್ಷೆ: ಹಿಡಿದುಕೊಳ್ಳುತ್ತಿದೆಯೇ?

ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ತಿ ತುಂಬಿಸಿ, ಯಾವ ವೈರನ್ನೂ ಜೋಡಿಸದೆ ಎರಡು ರಾತ್ರಿ ಬಿಡಿರಿ. ಮೊದಲ ಬೆಳಿಗ್ಗೆ ಒಮ್ಮೆ, ಎರಡನೆಯ ಬೆಳಿಗ್ಗೆ ಒಮ್ಮೆ ಅಳೆಯಿರಿ. ಒಳ್ಳೆಯ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅದೇ ಅಂಕಿ ಇರುತ್ತದೆ. ಏನನ್ನೂ ಜೋಡಿಸದಿದ್ದರೂ ಅದು ೧೨.೩ಕ್ಕೋ ಇನ್ನೂ ಕೆಳಕ್ಕೋ ಇಳಿದರೆ ದೋಷ ಬ್ಯಾಟರಿಯಲ್ಲಿಯೇ ಇದೆ. ಮುಚ್ಚಳವುಳ್ಳ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಕೋಣೆಗಳನ್ನೂ ನೋಡಬಹುದು. ತುಂಬಿದ ಕೋಣೆ ಸುಮಾರು ೧.೨೫೦ರಿಂದ ೧.೨೭೦ ತೋರಿಸುತ್ತದೆ. ಒಂದು ಕೋಣೆ ಮಾತ್ರ ಉಳಿದವುಗಳಿಗಿಂತ ೦.೦೫೦ರಷ್ಟು ಕಡಿಮೆಯಿದ್ದರೆ ಆ ಕೋಣೆ ಕೆಟ್ಟಿದೆಯೆಂದು ತಿಳಿಯಬೇಕು. ಆಗ ಹೊಸ ಬ್ಯಾಟರಿ ಕೊಳ್ಳುವುದು ನ್ಯಾಯ.

ಬ್ಯಾಟರಿಯ ಮೇಲ್ಭಾಗವನ್ನೂ ನೋಡಿರಿ. ಅಲ್ಲಿ ಧೂಳು ಕೂತು, ಅದಕ್ಕೆ ಆಸಿಡ್ಡಿನ ಪಸೆ ಹತ್ತಿದರೆ ಅದರ ಮೂಲಕವೇ ಒಂದು ಟರ್ಮಿನಲ್ಲಿನಿಂದ ಮತ್ತೊಂದಕ್ಕೆ ವಿದ್ಯುತ್ತು ಹರಿಯುತ್ತದೆ. ಮೀಟರಿನ ಒಂದು ತುದಿಯನ್ನು ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಪೆಟ್ಟಿಗೆಯ ಮೇಲಿನ ಧೂಳಿಗೂ ಮುಟ್ಟಿಸಿದಾಗ ವೋಲ್ಟ್ ತೋರಿಸಿದರೆ ಇದು ಖಚಿತ. ಮುಚ್ಚಳಗಳನ್ನು ಬಿಗಿಮಾಡಿ, ಅಡಿಗೆ ಸೋಡಾ ಕಲಸಿದ ನೀರಿನಿಂದ ಒರೆಸಿ, ಬಟ್ಟೆಯಿಂದ ಒಣಗಿಸಿರಿ. ಸೋಡಾ ನೀರು ಒಳಗೆ ಹೋಗಬಾರದು.

ಸಿಮೆಂಟಿನ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತನ್ನು ಹಲವರು ನಂಬುತ್ತಾರೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗೆ ಅದು ಅನ್ವಯಿಸುವುದಿಲ್ಲ. ಆ ಅನುಮಾನದಲ್ಲಿ ಕಾಲ ಕಳೆಯಬೇಕಾಗಿಲ್ಲ.

ಮೂರನೆಯ ಪರೀಕ್ಷೆ: ತೂಬು ಸೋರುತ್ತಿದೆಯೇ?

ನಿಂತಲ್ಲೇ ಬರಿದಾಗುವ ಬ್ಯಾಟರಿಗೆ ಮುಖ್ಯವಾದ ಪರೀಕ್ಷೆ ಇದೇ. ಬ್ಯಾಟರಿ ತುಂಬಿರಲಿ. ಎಲ್ಲಾ ದೀಪಗಳನ್ನು ಆರಿಸಿ ಕೀ ತೆಗೆಯಿರಿ. ಈಗಿನ ಟ್ರ್ಯಾಕ್ಟರುಗಳಲ್ಲಿ ಚಾಸಿಗೆ ಸೇರುವುದು ನೆಗೆಟಿವ್ ವೈರು. ಅದನ್ನು ಬಿಡಿಸಿ, ಬಿಡಿಸಿದ ವೈರಿಗೂ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ಆ ಬಲ್ಬನ್ನು ಜೋಡಿಸಿರಿ. ಸೋರಿಕೆಯಿದ್ದರೆ ಆ ವಿದ್ಯುತ್ತೆಲ್ಲಾ ಬಲ್ಬಿನ ಮೂಲಕವೇ ಹೋಗಬೇಕು. ಆದುದರಿಂದ ಬಲ್ಬು ಬೆಳಗಿದರೆ ತೂಬು ಸೋರುತ್ತಿದೆ ಎಂದರ್ಥ.

ಬಲ್ಬು ಚೆನ್ನಾಗಿ ಬೆಳಗಿದರೆ ಸೋರಿಕೆ ದೊಡ್ಡದು. ಆಗ ಮೀಟರನ್ನು ಹಚ್ಚದೆ ಬಲ್ಬಿನಿಂದಲೇ ಹುಡುಕಿರಿ. ಬೆಳಗದಿದ್ದರೆ ಸೋರಿಕೆ ಇಲ್ಲ, ಅಥವಾ ಬಲ್ಬಿಗೆ ಕಾಣದಷ್ಟು ಸಣ್ಣದು. ಆಗ ಬಲ್ಬು ತೆಗೆದು, ಮೀಟರಿನ ಕೆಂಪು ವೈರನ್ನು ೧೦ ಆಂಪಿಯರಿನ ತೂತಿಗೆ ಹಾಕಿ, ಬಲ್ಬಿದ್ದ ಜಾಗದಲ್ಲಿಯೇ ಜೋಡಿಸಿರಿ. ಬಲ್ಬು ಅಥವಾ ಮೀಟರು ಹೀಗೆ ಜೋಡಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬಾರದು. ಸೆಲ್ಫ್ ಎಳೆಯುವುದು ನೂರಾರು ಆಂಪಿಯರು.

ಈಗ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾ ಬನ್ನಿ. ಯಾವ ಫ್ಯೂಸು ಕಿತ್ತಾಗ ಬಲ್ಬು ಆರುತ್ತದೆಯೋ, ಅಥವಾ ಮೀಟರಿನ ಅಂಕಿ ಇಳಿಯುತ್ತದೆಯೋ, ಆ ಫ್ಯೂಸಿನ ದಾರಿಯಲ್ಲಿಯೇ ಕಳ್ಳನಿದ್ದಾನೆ. ಬ್ರೇಕ್ ದೀಪದ ಸ್ವಿಚ್ಚು ಸಿಕ್ಕಿಹಾಕಿಕೊಂಡಿರಬಹುದು. ಟ್ರೈಲರಿಗೆ ಹೋಗುವ ವೈರು ಉಜ್ಜಿ ತಾಮ್ರ ಹೊರಬಂದಿರಬಹುದು. ಕೀ ಸ್ವಿಚ್ಚೇ ಸವೆದು ಪೂರ್ತಿ ಆಫ್ ಆಗದೆ ಇರಬಹುದು.

ಎಲ್ಲಾ ಫ್ಯೂಸು ಕಿತ್ತರೂ ಬಲ್ಬು ಬೆಳಗುತ್ತಿದ್ದರೆ ಫ್ಯೂಸಿಲ್ಲದ ವೈರುಗಳ ಮೇಲೆ ಅನುಮಾನಪಡಬೇಕು. ಇವುಗಳಲ್ಲಿ ಆಲ್ಟರ್ನೇಟರಿನ ದಪ್ಪ ವೈರು ಮುಖ್ಯವಾದುದು. ಮೊದಲು ಬಲ್ಬನ್ನೂ ಬಿಡಿಸಿ, ಬಳಿಕ ಆ ದಪ್ಪ ವೈರನ್ನು ಕಳಚಿ ತುದಿಗೆ ಬಟ್ಟೆ ಸುತ್ತಿ, ಮತ್ತೆ ಬಲ್ಬು ಜೋಡಿಸಿರಿ. ಈಗ ಆರಿದ್ದರೆ ಆಲ್ಟರ್ನೇಟರಿನ ಡಯೋಡು ಕೆಟ್ಟಿದೆ. ಡಯೋಡೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಅದು ಕೆಟ್ಟರೆ ಬ್ಯಾಟರಿಯ ವಿದ್ಯುತ್ತು ಆಲ್ಟರ್ನೇಟರಿಗೆ ಹಿಂದಕ್ಕೆ ಹರಿಯುತ್ತದೆ. ರಾತ್ರಿಯೆಲ್ಲಾ ನಿಂತ ಟ್ರ್ಯಾಕ್ಟರಿನ ಆಲ್ಟರ್ನೇಟರು ಬೆಳಗಿನ ತಂಪಿನಲ್ಲಿ ಮುಟ್ಟಿದರೆ ಬೆಚ್ಚಗಿದ್ದರೆ ಅದೂ ಒಂದು ಗುರುತು.

ಎಷ್ಟು ಸೋರಿದರೆ ಎಷ್ಟು ನಷ್ಟ?

ಲೆಕ್ಕ ಸುಲಭ. ಆಂಪಿಯರನ್ನು ಗಂಟೆಯಿಂದ ಗುಣಿಸಿರಿ. ೮೮ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಆರಿಸದೆ ಬಿಟ್ಟ ೫ ವಾಟಿನ ಒಂದು ಸಣ್ಣ ದೀಪ ಸುಮಾರು ೦.೪ ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಸುಮಾರು ೧೦, ನಾಲ್ಕು ದಿನಕ್ಕೆ ೪೦ ಆಂಪಿಯರ್-ಗಂಟೆ ಹೋಗುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಕೆರೆ ಖಾಲಿ. ೦.೦೫ ಆಂಪಿಯರ್ ಎಳೆದರೆ ದಿನಕ್ಕೆ ಹೋಗುವುದು ೧.೨ ಮಾತ್ರ. ವಾರಗಟ್ಟಲೆ ನಿಲ್ಲಿಸದಿದ್ದರೆ ಇದರಿಂದ ತೊಂದರೆಯಿಲ್ಲ. ಎಲೆಕ್ಟ್ರಾನಿಕ್ ಸಾಧನಗಳಿರುವ ಕಾರು, ಜೀಪುಗಳಲ್ಲಿ ಇಷ್ಟು ಎಳೆತ ಸಹಜವೇ. ಅವುಗಳನ್ನು ಪರೀಕ್ಷಿಸುವಾಗ ಕೀ ತೆಗೆದು ಬಾಗಿಲು ಮುಚ್ಚಿ ಅರ್ಧ ಗಂಟೆ ಕಾದು ಅಂಕಿ ನೋಡಬೇಕು.

ಆ ಟ್ರ್ಯಾಕ್ಟರಿನಲ್ಲಿ ಕಂಡದ್ದು

ನಮ್ಮ ಯಜಮಾನರ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಬಲ್ಬು ಜೋಡಿಸಿದೆವು. ಚೆನ್ನಾಗಿಯೇ ಬೆಳಗಿತು. ಫ್ಯೂಸುಗಳನ್ನೆಲ್ಲಾ ಕಿತ್ತೆವು, ಆರಲಿಲ್ಲ. ಆಲ್ಟರ್ನೇಟರಿನ ವೈರು ಕಳಚಿದೆವು, ಆಗಲೂ ಆರಲಿಲ್ಲ. ಆಗ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನಿಂದ ಫ್ಯೂಸೂ ಇಲ್ಲದೆ ನೇರವಾಗಿ ಹೊರಟ ಒಂದು ಕೆಂಪು ವೈರು ಕಣ್ಣಿಗೆ ಬಿತ್ತು. ಹಿಡಿದುಕೊಂಡು ಹೋದರೆ ಸೀಟಿನ ಕೆಳಗೆ ಹಾಡಿನ ಆಂಪ್ಲಿಫೈಯರು! ಹಾಡು ನಿಲ್ಲಿಸಿದರೂ, ಕೀ ತೆಗೆದರೂ ಅದು ಎಚ್ಚರವಾಗಿಯೇ ಇರುತ್ತಿತ್ತು. ವೈರು ಕಳಚಿದೊಡನೆ ಬಲ್ಬು ಆರಿತು. ಆಮೇಲೆ ಆ ವೈರಿನಲ್ಲಿ ಮೀಟರು ಹಚ್ಚಿ ನೋಡಿದಾಗ ೦.೮ ಆಂಪಿಯರ್. ದಿನಕ್ಕೆ ಸುಮಾರು ೧೯ ಆಂಪಿಯರ್-ಗಂಟೆ. ನಾಲ್ಕು ದಿನದಲ್ಲಿ ಬ್ಯಾಟರಿ ಬರಿದಾಗಲು ಬೇರೆ ಕಾರಣ ಬೇಕೇ?

ಅದನ್ನು ಜೋಡಿಸಿದವನು ಅವರ ಮಗ. ಪಕ್ಕದಲ್ಲಿಯೇ ತಲೆ ತಗ್ಗಿಸಿ ನಿಂತಿದ್ದ. ತಂದೆ ಗದರಿಸಲಿಲ್ಲ. “ಹಾಗಾದರೆ ಹಳೆಯ ಬ್ಯಾಟರಿ ಚೆನ್ನಾಗಿಯೇ ಇತ್ತೋ ಏನೋ” ಎಂದಷ್ಟೇ ಹೇಳಿದರು. ಇದ್ದಿರಬಹುದು. ಪರೀಕ್ಷಿಸೋಣವೆಂದರೆ ಅದು ಆಗಲೇ ಗುಜರಿ ಸೇರಿತ್ತು. ಮಗನೇ ಮರುದಿನ ಆ ವೈರನ್ನು ಫ್ಯೂಸಿನೊಡನೆ ಕೀ ಸ್ವಿಚ್ಚಿನ ಮೂಲಕ ತೆಗೆದುಕೊಂಡ. ಈಗ ಆ ಬಲ್ಬು ಅವನ ಬಳಿಯೇ ಇದೆ. ಊರಿನವರು ಅವನನ್ನೇ ಕರೆಯುತ್ತಾರೆ.

ನಿತ್ಯದ ಪಾಲನೆ

ಬರಿದಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಡಬಾರದು. ಒಳಗಿನ ತಗಡುಗಳ ಮೇಲೆ ಗಟ್ಟಿಯಾದ ಹರಳು ಕಟ್ಟಿ, ಮತ್ತೆ ಪೂರ್ತಿ ತುಂಬದಂತಾಗುತ್ತದೆ. ಕೆರೆಗೆ ಹೂಳು ಬಿದ್ದಂತೆಯೇ ಇದು. ಕೆಲಸವಿಲ್ಲದ ತಿಂಗಳುಗಳಲ್ಲಿ ನೆಗೆಟಿವ್ ವೈರನ್ನು ಬಿಡಿಸಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿರಿ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿರಿ. ಬೋರಿನ ನೀರೂ ಬೇಡ, ಮೇಲಿನಿಂದ ಆಸಿಡ್ಡೂ ಬೇಡ.

ಪ್ರತಿಯೊಂದು ಹಳ್ಳಿಯ ಯುವಕ ಸಂಘವೂ ಒಂದು ಮಲ್ಟಿಮೀಟರು, ಒಂದು ಬಲ್ಬು, ಒಂದು ಹೈಡ್ರೋಮೀಟರನ್ನು ಸಂಘದ ಕೋಣೆಯಲ್ಲಿಟ್ಟು, ಇಬ್ಬರು ತರುಣರಿಗೆ ಈ ಪರೀಕ್ಷೆಗಳನ್ನು ಕಲಿಸಿದರೆ ಎಷ್ಟೋ ಮನೆಗಳ ಹಣ ಉಳಿಯುತ್ತದೆ. ಮುಂಗಾರು ಬರುವ ಮೊದಲೇ, ಬೀಜ ಹಸನು ಮಾಡುವ ದಿನಗಳಲ್ಲಿಯೇ, ಒಂದು ಬೆಳಿಗ್ಗೆ ಈ ಕೆಲಸಕ್ಕೂ ಬಿಡುವು ಮಾಡಿಕೊಳ್ಳಿರಿ. ಹದ ಬಂದ ದಿನ ಕೀ ತಿರುಗಿಸಿದೊಡನೆ ಟ್ರ್ಯಾಕ್ಟರು ಹೊರಡಬೇಕು.