ಗಿಡ್ಡ ಕೂದಲು ಬೆಳೆಯುವವರೆಗೆ: ಕೂದಲು ಜೋಡಿಸುವ ಮುನ್ನ ತಿಳಿಯಬೇಕಾದದ್ದು

ಮದುವೆಯ ತಿಂಗಳುಗಳು ಬಂದವೆಂದರೆ ನಮ್ಮ ಮನೆಗಳಲ್ಲಿ ಕೂದಲಿನ ಚಿಂತೆಯೂ ಶುರುವಾಗುತ್ತದೆ. ಡೆಂಗಿಯೋ ಟೈಫಾಯ್ಡೋ ಬಂದುಹೋದ ಮೇಲೆ ಮಗಳ ಕೂದಲು ಉದುರಿರುತ್ತದೆ. ಉಳಿದದ್ದು ತೆಳ್ಳಗಾಗಿದೆ ಎಂದು ಕುತ್ತಿಗೆಯವರೆಗೆ ಕತ್ತರಿಸಿದ್ದೂ ಆಗಿರುತ್ತದೆ. ನಿಕಾಹ್‌ಗೆ ಮೂರು ತಿಂಗಳಿದೆ. ಪಾರ್ಲರಿನವರು ಎಕ್ಸ್‌ಟೆನ್ಶನ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಅಜ್ಜಿ ಪೆಟ್ಟಿಗೆಯಿಂದ ಹಳೆಯ ಚೌರಿ ತೆಗೆದುಕೊಡುತ್ತಾರೆ. ಅಣ್ಣನಾದವನು ಅದು ಹರಾಮ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು, ಯಾಕೆ ಎಂದು ಬಿಡಿಸಿ ಹೇಳುವವರು ಕಡಿಮೆ. ಆದ್ದರಿಂದ ಈ ವಿಷಯವನ್ನು ದೀನಿನ ಕಡೆಯಿಂದಲೂ ಆರೋಗ್ಯದ ಕಡೆಯಿಂದಲೂ ನೋಡೋಣ.

ಹದೀಸ್‌ನಲ್ಲಿ ಇದೇ ಪ್ರಶ್ನೆ

ಇದು ಪಾರ್ಲರುಗಳ ಕಾಲದಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಹಝ್ರತ್ ಅಸ್ಮಾ ಬಿಂತ್ ಅಬೂಬಕರ್(ರ) ಅವರ ವರದಿಯಿದೆ. ಒಬ್ಬ ತಾಯಿ ಪ್ರವಾದಿ(ಸ)ರ ಬಳಿಗೆ ಬಂದು, ತನ್ನ ಮಗಳು ಮದುಮಗಳು, ದಡಾರದಂತಹ ಕಾಯಿಲೆ ಬಂದು ಅವಳ ಕೂದಲು ಉದುರಿದೆ, ಬೇರೆ ಕೂದಲು ಜೋಡಿಸಬಹುದೇ ಎಂದು ಕೇಳಿದರು. ಕೂದಲು ಜೋಡಿಸುವವಳ ಮೇಲೂ ಜೋಡಿಸಿಕೊಳ್ಳುವವಳ ಮೇಲೂ ಅಲ್ಲಾಹನ ಶಾಪವಿದೆ ಎಂದು ಪ್ರವಾದಿ(ಸ)ರು ತಿಳಿಸಿದರು. ಹಝ್ರತ್ ಆಯಿಶಾ(ರ) ಅವರ ವರದಿಯಲ್ಲಿ ಅನ್ಸಾರಿಗಳ ಒಬ್ಬ ಹೆಣ್ಣುಮಗಳ ವಿಷಯ ಬರುತ್ತದೆ. ಅಲ್ಲಿ ಕೂದಲು ಜೋಡಿಸಲು ಗಂಡನೇ ಹೇಳಿದ್ದಾನೆ ಎಂದರೂ ಪ್ರವಾದಿ(ಸ)ರು ಒಪ್ಪಲಿಲ್ಲ. ಹಝ್ರತ್ ಮುಆವಿಯಾ(ರ) ಹಜ್ಜ್ ಮಾಡಿದ ವರ್ಷ ಮದೀನಾದ ಮಿಂಬರಿನ ಮೇಲೆ ನಿಂತು, ಕೈಯಲ್ಲಿ ಒಂದು ಕೂದಲ ಗೊಂಚಲು ಹಿಡಿದು, ನಿಮ್ಮ ಉಲಮಾಗಳು ಎಲ್ಲಿ ಹೋದರು ಎಂದು ಕೇಳಿದ್ದೂ ಬುಖಾರಿಯಲ್ಲಿದೆ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಮೊದಲನೆಯದು, ಕೇಳಿದವರ ಕಾರಣ ಸಣ್ಣದಾಗಿರಲಿಲ್ಲ. ಕಾಯಿಲೆ, ಮದುವೆ, ತಾಯಿಯ ಸಂಕಟ ಎಲ್ಲವೂ ಅಲ್ಲಿತ್ತು. ಆದರೂ ಉತ್ತರ ಬದಲಾಗಲಿಲ್ಲ. ಎರಡನೆಯದು, ಜೋಡಿಸಿಕೊಳ್ಳುವವಳ ಜೊತೆಗೆ ಜೋಡಿಸುವವಳನ್ನೂ ಹೆಸರಿಸಲಾಗಿದೆ. ಪಾರ್ಲರ್ ನಡೆಸುವ ನಮ್ಮ ಸಹೋದರಿಯರು ಇದನ್ನು ಗಿರಾಕಿಯ ಇಷ್ಟ ಎಂದು ಬಿಟ್ಟುಬಿಡುವಂತಿಲ್ಲ.

ಮದ್ಹಬ್‌ಗಳು ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ

ಮನುಷ್ಯರ ಕೂದಲನ್ನು ಜೋಡಿಸುವುದು ಸಲ್ಲದು ಎಂಬಲ್ಲಿ ನಾಲ್ಕು ಮದ್ಹಬ್‌ಗಳ ನಿಲುವೂ ಒಂದೇ. ಭಿನ್ನತೆ ಇರುವುದು ಬೇರೆ ವಸ್ತುಗಳ ವಿಷಯದಲ್ಲಿ. ನಮ್ಮ ರಾಜ್ಯದ ಕರಾವಳಿಯಲ್ಲಿ ಶಾಫಿಈಗಳೂ ಒಳನಾಡಿನಲ್ಲಿ ಹನಫಿಗಳೂ ಹೆಚ್ಚಾಗಿರುವುದರಿಂದ ಎರಡನ್ನೂ ಹೇಳುವುದು ಅಗತ್ಯ.

ಹನಫಿ ಫಿಕ್ಹ್‌ನಲ್ಲಿ ಮನುಷ್ಯರ ಕೂದಲು ಯಾರದ್ದಾದರೂ ಜೋಡಿಸುವಂತಿಲ್ಲ. ತನ್ನದೇ ತಲೆಯಿಂದ ಕತ್ತರಿಸಿ ಎತ್ತಿಟ್ಟ ಕೂದಲಿಗೂ ಇದೇ ಹುಕುಮ್. ಮನುಷ್ಯನ ದೇಹದ ಯಾವ ಭಾಗವೂ ಬಳಕೆಯ ಸರಕಾಗಬಾರದು ಎಂಬುದು ಅವರು ಕೊಡುವ ಕಾರಣ. ಹಂದಿಯನ್ನು ಬಿಟ್ಟು ಬೇರೆ ಪ್ರಾಣಿಗಳ ಉಣ್ಣೆ, ಕೂದಲು ಮತ್ತು ನೂಲಿಗೆ ಅವಕಾಶವಿದೆ.

ಶಾಫಿಈ ಫಿಕ್ಹ್‌ನಲ್ಲಿ ಮನುಷ್ಯರ ಕೂದಲೂ ನಜಸ್ ಆದ ಕೂದಲೂ ಹರಾಮ್. ಮನುಷ್ಯರದ್ದಲ್ಲದ ಶುದ್ಧ ಕೂದಲಾದರೆ ಇಮಾಮ್ ನವವಿ(ರಹ್) ಅವರು ಸರಿಯೆಂದು ಎತ್ತಿಹಿಡಿದ ಅಭಿಪ್ರಾಯದಂತೆ ವಿವಾಹಿತೆಗೆ ಗಂಡನ ಅನುಮತಿಯಿದ್ದರೆ ಸಲ್ಲುತ್ತದೆ, ಅವಿವಾಹಿತೆಗೆ ಸಲ್ಲದು. ಅಂದರೆ ನಿಕಾಹ್‌ಗೆ ಮುಂಚೆ ಹೆಣ್ಣು ನೋಡಲು ಬರುವವರಿಗಾಗಿ ಜೋಡಿಸುವುದಕ್ಕೆ ಇಲ್ಲಿ ದಾರಿಯಿಲ್ಲ.

ಮಾಲಿಕಿಗಳು ಕೂದಲಾಗಲಿ ಉಣ್ಣೆಯಾಗಲಿ ಜೋಡಿಸುವುದನ್ನೇ ತಡೆಯುತ್ತಾರೆ. ಹಂಬಲಿಗಳು ಮನುಷ್ಯರ ಕೂದಲಿನ ಹಾಗೆ ಪ್ರಾಣಿಗಳ ಕೂದಲನ್ನೂ ತಡೆಯುತ್ತಾರೆ. ಆದರೆ ಜಡೆ ಕಟ್ಟಲು ಬಳಸುವ, ಕೂದಲಿನಂತೆ ಕಾಣದ ಬಣ್ಣದ ರೇಷ್ಮೆ ನೂಲಿಗೆ ಅಡ್ಡಿಯಿಲ್ಲ. ಇಂತಹ ನೂಲಿನ ಕುಚ್ಚಿನಲ್ಲಿ ತಪ್ಪಿಲ್ಲ ಎಂಬ ಸಯೀದ್ ಬಿನ್ ಜುಬೈರ್(ರಹ್) ಅವರ ಮಾತನ್ನು ಇಮಾಮ್ ಅಬೂ ದಾವೂದ್ ದಾಖಲಿಸಿದ್ದಾರೆ.

ಈಗ ಅಂಗಡಿಗಳಲ್ಲಿ ಸಿಗುವ ಕೃತಕ ನಾರಿನ ಕೂದಲು ನೋಡಲು ನಿಜವಾದ ಕೂದಲಿನಂತೆಯೇ ಇರುತ್ತದೆ. ಅದು ನೂಲಿನ ಸಾಲಿಗೆ ಸೇರುತ್ತದೆಯೇ, ಕೂದಲಿನ ಸಾಲಿಗೆ ಸೇರುತ್ತದೆಯೇ ಎಂಬಲ್ಲಿ ಉಲಮಾಗಳ ಮಾತು ಒಂದೇ ರೀತಿಯಲ್ಲಿಲ್ಲ. ಕೊಳ್ಳುವ ಮೊದಲು ನಿಮ್ಮ ಮೊಹಲ್ಲಾದ ಖತೀಬರನ್ನು ಅಥವಾ ನೀವು ನಂಬುವ ಆಲಿಮರನ್ನು ಕೇಳಿ. ಕೇಳುವಾಗ ಮೂರು ವಿವರ ಕೊಡಿ: ಅದು ಯಾವುದರಿಂದ ಮಾಡಿದ್ದು, ಕ್ಲಿಪ್ಪಿನದೋ ಅಂಟಿಸುವುದೋ, ಯಾರ ಮುಂದೆ ಧರಿಸುವುದು.

ಆ ಕೂದಲು ಎಲ್ಲಿಂದ ಬರುತ್ತದೆ

ಮನುಷ್ಯರ ಕೂದಲಿನ ವ್ಯಾಪಾರ ನಮ್ಮ ಸುತ್ತಲೇ ಇದೆ. ತಿರುಮಲದಲ್ಲಿ ಭಕ್ತರು ಮುಡಿ ಅರ್ಪಿಸಿದ ಕೂದಲನ್ನು ದೇವಸ್ಥಾನದ ಆಡಳಿತ ಹರಾಜು ಹಾಕುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ಹೆಸರಾದ ಊರು. ಹಳ್ಳಿಗಳಲ್ಲಿ ಬಾಚಣಿಗೆಗೆ ಬಂದ ಕೂದಲಿನ ಉಂಡೆಗಳನ್ನು ಕೂಡಿಟ್ಟು ಪಾತ್ರೆಗೆ ಬದಲಾಯಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಉಂಡೆಗಳೂ ಇದೇ ವ್ಯಾಪಾರಕ್ಕೆ ಹೋಗುತ್ತವೆ. ಪೊಟ್ಟಣದ ಮೇಲೆ 'ರೆಮಿ' ಎಂದಿದ್ದರೆ ಅದು ಬುಡ ಮತ್ತು ತುದಿ ಒಂದೇ ದಿಕ್ಕಿಗಿರುವಂತೆ ಜೋಡಿಸಿದ ಮನುಷ್ಯರ ಕೂದಲು. 'ಒರಿಜಿನಲ್', 'ನ್ಯಾಚುರಲ್' ಎಂಬ ಮಾತುಗಳಿದ್ದರೆ ಅಂಗಡಿಯವರನ್ನು ನೇರವಾಗಿ ಕೇಳಿ: 'ಇದು ಮನುಷ್ಯರ ಕೂದಲಾ?'

ಆದಮರ ಸಂತತಿಯನ್ನು ಅಲ್ಲಾಹನು ಗೌರವಿಸಿದ್ದಾನೆ ಎಂಬುದು ಕುರ್‌ಆನಿನ 17ನೇ ಅಧ್ಯಾಯದ 70ನೇ ಆಯತ್‌ನ ಸಾರ. ಯಾರದ್ದೋ ತಲೆಯ ಕೂದಲು ತೂಕಕ್ಕೆ ಮಾರಾಟವಾಗಿ ಇನ್ನೊಬ್ಬರ ಅಲಂಕಾರವಾಗುವುದನ್ನು ಫುಕಹಾಗಳು ಯಾಕೆ ಒಪ್ಪಲಿಲ್ಲ ಎಂಬುದು ಈ ಆಯತ್‌ನ ಬೆಳಕಿನಲ್ಲಿ ಅರ್ಥವಾಗುತ್ತದೆ.

ವುಝೂ ಮತ್ತು ಗುಸ್ಲ್

ಇದು ಹಲವರು ಮರೆಯುವ ವಿಷಯ. ವುಝೂವಿನಲ್ಲಿ ತಲೆಗೆ ಮಸಹ್ ಮಾಡುವುದು ಫರ್ಝ್. ಹನಫಿಗಳಲ್ಲಿ ತಲೆಯ ಕಾಲುಭಾಗ, ಶಾಫಿಈಗಳಲ್ಲಿ ತಲೆಯ ಮಿತಿಯೊಳಗಿನ ಸ್ವಲ್ಪ ಭಾಗವಾದರೂ ಒದ್ದೆಯಾಗಬೇಕು. ಜೋಡಿಸಿದ ಕೂದಲ ಮೇಲೆ ಮಾತ್ರ ಕೈ ಆಡಿಸಿದರೆ ಮಸಹ್ ಆಗುವುದಿಲ್ಲ.

ಗುಸ್ಲ್‌ನ ವಿಷಯ ಇನ್ನೂ ಸೂಕ್ಷ್ಮ. ಬಿಗಿಯಾದ ಜಡೆಯನ್ನು ಬಿಚ್ಚಬೇಕೇ ಎಂದು ಹಝ್ರತ್ ಉಮ್ಮು ಸಲಮಾ(ರ) ಕೇಳಿದಾಗ, ತಲೆಯ ಮೇಲೆ ಮೂರು ಬೊಗಸೆ ನೀರು ಸುರಿದರೆ ಸಾಕೆಂದು ಪ್ರವಾದಿ(ಸ)ರು ಹೇಳಿದ್ದು ಮುಸ್ಲಿಮ್‌ನಲ್ಲಿದೆ. ಆದರೆ ನೀರು ಬುಡಕ್ಕೆ ತಲುಪಲೇಬೇಕು. ಶಾಫಿಈಗಳ ಪ್ರಕಾರ ಜಡೆಯ ಒಳಗೂ ತಲುಪಬೇಕು, ತಲುಪದಿದ್ದರೆ ಬಿಚ್ಚಬೇಕು. ಟೇಪ್ ಅಥವಾ ಬಿಸಿ ಅಂಟಿನಿಂದ ಕೂರಿಸುವ ಎಕ್ಸ್‌ಟೆನ್ಶನ್‌ಗಳು ಬುಡದ ಹತ್ತಿರವೇ ಕೂದಲನ್ನು ಅಂಟಿನಿಂದ ಮುಚ್ಚುತ್ತವೆ. ಇವುಗಳನ್ನು ವಾರಗಟ್ಟಲೆ, ಕೆಲವನ್ನು ಮೂರು ತಿಂಗಳವರೆಗೂ ತೆಗೆಯುವುದಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳ ಗುಸ್ಲ್ ಸರಿಯಾಗದಿದ್ದರೆ ನಮಾಝ್‌ನ ಗತಿಯೇನು? ಅಂಟಿನ ವಸ್ತು ಯಾವುದರಿಂದ ಮಾಡಿದ್ದಾದರೂ ಈ ತೊಡಕು ಇದ್ದೇ ಇರುತ್ತದೆ.

ತೆಳ್ಳನೆಯ ಕೂದಲಿಗೆ ಭಾರ

ಆರೋಗ್ಯದ ಲೆಕ್ಕದಲ್ಲೂ ಗಿಡ್ಡ, ತೆಳ್ಳನೆಯ ಕೂದಲಿಗೆ ಎಕ್ಸ್‌ಟೆನ್ಶನ್ ಹೊಂದುವುದಿಲ್ಲ. ಒಂದು ಪೂರ್ತಿ ಸೆಟ್ ಸಾಮಾನ್ಯವಾಗಿ 100 ಗ್ರಾಂಗಿಂತ ಹೆಚ್ಚು ತೂಗುತ್ತದೆ. ದಪ್ಪ ಕೂದಲು ಅದನ್ನು ತಡೆದೀತು. ತೆಳ್ಳನೆಯ ಎಳೆಗಳು ಬುಡದಿಂದ ಜಗ್ಗುತ್ತವೆ. ನೋವು, ಬುಡದಲ್ಲಿ ಸಣ್ಣ ಗುಳ್ಳೆ, ಹಣೆಯಂಚಿನಲ್ಲಿ ಮತ್ತು ಕಿವಿಯ ಮೇಲ್ಭಾಗದಲ್ಲಿ ತುಂಡಾದ ಕೂದಲು ಮೊದಲ ಲಕ್ಷಣಗಳು. ಬೇಗ ನಿಲ್ಲಿಸಿದರೆ ಕೂದಲು ಮರಳುತ್ತದೆ. ತಿಂಗಳುಗಟ್ಟಲೆ ಜಗ್ಗಿದರೆ ಬುಡವೇ ಸತ್ತು ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಬೆಳೆಯಲಿ ಎಂದು ಕಾಯುತ್ತಿರುವ ಕೂದಲನ್ನೇ ಹೀಗೆ ಕಳೆದುಕೊಳ್ಳುವುದು ದೊಡ್ಡ ನಷ್ಟ.

ಚೌರಿಯನ್ನು ಬಿಗಿಯಾಗಿ ಹೆಣೆದರೂ, ಹಿಜಾಬಿನೊಳಗೆ ಕೂದಲನ್ನು ಎಳೆದು ತುರುಬು ಕಟ್ಟಿದರೂ ಇದೇ ತೊಂದರೆ ಆಗುತ್ತದೆ. ಒಳಟೋಪಿ ಹತ್ತಿಯದೋ ನುಣುಪು ಬಟ್ಟೆಯದೋ ಆಗಿರಲಿ, ಸಡಿಲವಾಗಿರಲಿ. ಒದ್ದೆ ಕೂದಲ ಮೇಲೆ ಸ್ಕಾರ್ಫ್ ಸುತ್ತಬೇಡಿ.

ಕೂದಲು ಯಾಕೆ ಉದುರಿತು, ಎಷ್ಟು ದಿನದಲ್ಲಿ ಬರುತ್ತದೆ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದೊಡ್ಡ ಜ್ವರ, ಹೆರಿಗೆ, ಆಪರೇಷನ್ ಅಥವಾ ತೀವ್ರ ಮಾನಸಿಕ ಒತ್ತಡದ ಎರಡು ಮೂರು ತಿಂಗಳ ಬಳಿಕ ಒಮ್ಮೆಗೇ ಹಿಡಿಹಿಡಿಯಾಗಿ ಉದುರುತ್ತದೆ. ನೋಡಿದವರಿಗೆ ಗಾಬರಿಯಾಗುತ್ತದೆ. ಆದರೆ ಇದರಲ್ಲಿ ಬುಡ ಸಾಯುವುದಿಲ್ಲ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ಉದುರುವುದು ನಿಂತು ಹೊಸ ಕೂದಲು ಕಾಣಿಸಿಕೊಳ್ಳುತ್ತದೆ.

ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಾ ಹೋದರೆ, ನಾಣ್ಯದಷ್ಟು ಜಾಗ ಬೋಳಾದರೆ ಚರ್ಮರೋಗ ವೈದ್ಯರ ಬಳಿಗೆ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆಗಳಿಂದ ಕಾರಣ ಸಿಗುವುದುಂಟು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಮುಟ್ಟು ಏರುಪೇರಾಗಿ, ಮುಖದ ಮೇಲೆ ಕೂದಲು ಬಂದು, ತಲೆಯ ಕೂದಲು ತೆಳ್ಳಗಾಗುತ್ತಿದ್ದರೆ ಪಿಸಿಓಡಿ ಇದೆಯೇ ಎಂದು ನೋಡಿಸಬೇಕು. ಮಿನಾಕ್ಸಿಡಿಲ್‌ನಂತಹ ಔಷಧವನ್ನು ವೈದ್ಯರು ಹೇಳದೆ ಬಳಸಬೇಡಿ. ಗರ್ಭಿಣಿಯರು ಮತ್ತು ಹಾಲುಣಿಸುವವರು ಅದರಿಂದ ದೂರವಿರಬೇಕು.

ಚಿಕಿತ್ಸೆಗೆ ದೀನಿನಲ್ಲಿ ಅಡ್ಡಿಯಿಲ್ಲ. ಬನೀ ಇಸ್ರಾಯೀಲರ ಕುಷ್ಠರೋಗಿ, ಬೋಳುತಲೆಯವ ಮತ್ತು ಕುರುಡ, ಈ ಮೂವರ ಹದೀಸ್‌ನಲ್ಲಿ ಮಲಕ್ ತಲೆ ಸವರಿದಾಗ ಬೋಳುತಲೆಯವನಿಗೆ ಅಲ್ಲಾಹನು ಒಳ್ಳೆಯ ಕೂದಲು ಕೊಟ್ಟ ವಿಷಯವಿದೆ. ಸ್ವಂತ ಕೂದಲು ಬೆಳೆಯಲು ಮಾಡುವ ಉಪಾಯ ಬೇರೆ, ಇನ್ನೊಬ್ಬರ ಕೂದಲನ್ನು ತನ್ನದೆಂದು ತೋರಿಸುವುದು ಬೇರೆ. ಕ್ಯಾನ್ಸರ್ ಚಿಕಿತ್ಸೆಯಿಂದ ಪೂರ್ತಿ ಕೂದಲು ಹೋದವರ ವಿಷಯದಲ್ಲಿ ಕೆಲವು ಸಮಕಾಲೀನ ಉಲಮಾಗಳು ವಿಗ್‌ಗೆ ರಿಯಾಯಿತಿ ತೋರಿದ್ದಾರೆ. ಅಂತಹವರು ಆಲಿಮರಲ್ಲಿ ತಮ್ಮ ಸ್ಥಿತಿಯನ್ನು ಹೇಳಿ ಕೇಳಲಿ. ಸುತ್ತಲಿನವರು ಅವರ ಮೇಲೆ ತೀರ್ಪು ಕೊಡುವುದು ಬೇಡ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕಿವಿಯವರೆಗೆ ಇರುವ ಕೂದಲು ಹೆಗಲು ದಾಟಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಯಾವ ಎಣ್ಣೆಯೂ ಇದನ್ನು ಮೂರು ತಿಂಗಳಿಗೆ ಇಳಿಸುವುದಿಲ್ಲ. ಮೊಟ್ಟೆ, ಮೀನು, ಬೇಳೆಕಾಳು, ಸೊಪ್ಪು ತಿನ್ನುವುದು, ಊಟದ ಜೊತೆ ನಿಂಬೆ ಹಿಂಡಿಕೊಳ್ಳುವುದು, ಊಟವಾದ ಕೂಡಲೇ ಚಹಾ ಕುಡಿಯದಿರುವುದು ದೇಹಕ್ಕೆ ಕಬ್ಬಿಣಾಂಶ ಸಿಗಲು ನೆರವಾಗುತ್ತದೆ.

ಅಲ್ಲಿಯವರೆಗೆ ಏನು ಮಾಡಬಹುದು

ಗಿಡ್ಡ ಕೂದಲು ಅವಮಾನವಲ್ಲ. ಪ್ರವಾದಿ(ಸ)ರ ಪತ್ನಿಯರು ಕಿವಿಯ ಹತ್ತಿರ ಬರುವಷ್ಟಕ್ಕೆ ಕೂದಲು ಗಿಡ್ಡ ಮಾಡಿಕೊಳ್ಳುತ್ತಿದ್ದರು ಎಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮ ಉಮ್ಮಹಾತುಲ್ ಮುಅ್‌ಮಿನೀನರಿಗೆ ಕುಂದಲ್ಲದ್ದು ನಮ್ಮ ಮಗಳಿಗೆ ಹೇಗೆ ಕುಂದಾದೀತು? ಕೂದಲಿರುವವರು ಅದನ್ನು ಆದರದಿಂದ ನೋಡಿಕೊಳ್ಳಬೇಕು ಎಂಬ ಬೋಧನೆ ಅಬೂ ದಾವೂದ್‌ನಲ್ಲಿದೆ. ಎಣ್ಣೆ ಹಚ್ಚುವುದು, ಬಾಚುವುದು, ತುದಿ ಸಮ ಮಾಡಿಸುವುದು ಇದರಲ್ಲೇ ಬರುತ್ತದೆ. ಎಲ್ಲ ಎಳೆಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ತೆಳ್ಳನೆಯ ಕೂದಲು ತುಂಬಿದಂತೆ ಕಾಣುತ್ತದೆ.

ಮದುವೆಯ ದಿನಕ್ಕೆ ಭಟ್ಕಳ ಮಲ್ಲಿಗೆಯೋ ಶಂಕರಪುರ ಮಲ್ಲಿಗೆಯೋ ತಲೆಯ ಹಿಂಭಾಗಕ್ಕೆ ಬಾಗಿಸಿ ಪಿನ್ ಮಾಡಿದರೆ ಗಿಡ್ಡ ಕೂದಲಿಗೂ ಸೊಗಸು. ಪುಟ್ಟ ಜಡೆ ಬರುವಷ್ಟಿದ್ದರೆ ಬಣ್ಣದ ರೇಷ್ಮೆ ನೂಲಿನ ಕುಚ್ಚು ಸೇರಿಸಬಹುದು. ಅದು ಕುಚ್ಚೆಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಯಾರಿಗೂ ಮೋಸವಿಲ್ಲ. ಹೇಗೂ ದುಪಟ್ಟಾದ ಕೆಳಗಿನ ಕೂದಲು ಸಭೆಗೆ ಕಾಣುವುದಲ್ಲ.

ಹೆಣ್ಣು ನೋಡುವ ಮಾತಿಗೆ ಬಂದರೆ, ಮರೆಮಾಚುವುದೇ ದೊಡ್ಡ ಅಪಾಯ. ಒದ್ದೆಯಾದ ಧಾನ್ಯವನ್ನು ರಾಶಿಯೊಳಗೆ ಅಡಗಿಸಿದ ವ್ಯಾಪಾರಿಗೆ ಪ್ರವಾದಿ(ಸ)ರು ಕೊಟ್ಟ ಎಚ್ಚರಿಕೆ ನಮಗೆಲ್ಲ ಗೊತ್ತು. ಜ್ವರ ಬಂದು ಕೂದಲು ಉದುರಿದೆ, ಈಗ ಬರುತ್ತಿದೆ ಎಂದು ಹುಡುಗನ ಕಡೆಯ ಹೆಂಗಸರಿಗೆ ಮುಂಚೆಯೇ ಹೇಳಿಬಿಡಿ. ಆ ಮಾತಿಗೆ ಸಂಬಂಧ ಮುರಿಯುವವರು ನಾಳೆ ಹೆರಿಗೆಯ ಬಳಿಕ ಕೂದಲು ಉದುರಿದಾಗ ಏನನ್ನಾರು ಎಂದು ಈಗಲೇ ತಿಳಿದದ್ದು ಒಳ್ಳೆಯದೇ.

ಹುಡುಗರ ತಾಯಂದಿರಲ್ಲೂ ಒಂದು ಮಾತು. ಮೊಣಕಾಲು ಮುಟ್ಟುವ ಜಡೆ ಬೇಕೆಂದು ಕೇಳುವವರು ಇರುವವರೆಗೆ ಅದನ್ನು ಅಂಗಡಿಯಿಂದ ತಂದು ಕಟ್ಟುವವರೂ ಇರುತ್ತಾರೆ. ಸೊಸೆಯಲ್ಲಿ ದೀನನ್ನೂ ನಡತೆಯನ್ನೂ ನೋಡಿ. ಕೂದಲು ಬರುತ್ತದೆ, ಹೋಗುತ್ತದೆ.

ಕಾಯಿಲೆಯಿಂದ ನೊಂದಿರುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಾಹನು ಶಿಫಾ ಕೊಡಲಿ, ಅವರ ಮನಸ್ಸಿಗೆ ನೆಮ್ಮದಿ ಕೊಡಲಿ, ಹಲಾಲಿನಲ್ಲೇ ನಮಗೆಲ್ಲ ಸೊಗಸನ್ನು ಕಾಣಿಸಲಿ. ಆಮೀನ್. ಅಲ್ಲಾಹನೇ ಚೆನ್ನಾಗಿ ಬಲ್ಲವನು.